ವಿದೇಶಿ ಅತಿಥಿ ನಮ್ಮ ಬಾಗಿಲು ತಲುಪುವ ಮೊದಲು



ಪಹಾಡ್‌ಗಂಜ್‌ನ ಮೇನ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಹೋಟೆಲು. ಕೆಳಗೆ ಇಡ್ಲಿ, ದೋಸೆ, ಕಾಫಿ. ಮೇಲೆ ಹದಿನಾಲ್ಕು ಕೋಣೆಗಳು. ಬೆನ್ನಿಗೆ ಚೀಲ ಹೊತ್ತು ದೇಶ ನೋಡಲು ಬರುವ ವಿದೇಶಿಯರೇ ನಮ್ಮ ಕೋಣೆಗಳಿಗೆ ಹೆಚ್ಚಿನ ಗಿರಾಕಿಗಳು. ಸಂಘದ ಪತ್ರಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಒತ್ತಾಯಿಸಿದಾಗ, ನಾನು ಪೆಟ್ಟು ತಿಂದು ಕಲಿತದ್ದನ್ನೇ ಬರೆಯೋಣ ಎನಿಸಿತು.

ಕೆಲವು ವರ್ಷಗಳ ಹಿಂದಿನ ಡಿಸೆಂಬರ್ ತಿಂಗಳು. ಹಾಲೆಂಡಿನ ದಂಪತಿಗಳು ಮೂರು ರಾತ್ರಿಗೆ ಕೋಣೆ ಕಾದಿರಿಸಿದ್ದರು. ವಿಮಾನ ಇಳಿಯುವುದು ರಾತ್ರಿ ಹನ್ನೊಂದೂವರೆಗೆ. ಹುಡುಗನೊಬ್ಬನನ್ನು ಎಚ್ಚರವಿರಿಸಿ, ಹೀಟರ್ ಹಾಕಿಸಿ ಕಾದೆವು. ಅವರು ಬರಲೇ ಇಲ್ಲ. ಮನಸ್ಸು ಬದಲಿಸಿರಬೇಕು ಎಂದುಕೊಂಡು ಮರುದಿನ ಕೋಣೆಯನ್ನು ಬೇರೆಯವರಿಗೆ ಕೊಟ್ಟೆ.

ಐದನೆಯ ದಿನ ಮಧ್ಯಾಹ್ನ ಅದೇ ದಂಪತಿಗಳು ಮೂಟೆ ಸಮೇತ ಬಂದು ನಿಂತರು. ಗಂಡ ಗಲ್ಲಾದ ಹತ್ತಿರ ಬಂದು ಕೇಳಿದ ಮೊದಲ ಮಾತು: "ಹೋಟೆಲಿಗೆ ಬೆಂಕಿ ಬಿದ್ದಿದೆ, ಬರಬೇಡಿ ಎಂದು ಫೋನಿನಲ್ಲಿ ಹೇಳಿದಿರಲ್ಲ, ಯಾಕೆ?"

ನಡೆದದ್ದು ಇಷ್ಟು. ವಿಮಾನ ನಿಲ್ದಾಣದ ಹೊರಗೆ ಸಿಕ್ಕ ಟ್ಯಾಕ್ಸಿಯವನು ಪಹಾಡ್‌ಗಂಜ್‌ನಲ್ಲಿ ಗಲಾಟೆ, ರಸ್ತೆ ಬಂದ್ ಎಂದಿದ್ದಾನೆ. ನಂಬದಿದ್ದಾಗ, ನಿಮ್ಮ ಹೋಟೆಲಿಗೇ ಫೋನು ಮಾಡಿಕೊಡುತ್ತೇನೆ ಎಂದು ಯಾರಿಗೋ ಮಾಡಿದ್ದಾನೆ. ಆ ಕಡೆಯವನು ನನ್ನ ಹೋಟೆಲಿನ ಹೆಸರು ಹೇಳಿ, ಕ್ಷಮೆ ಕೇಳಿ, ಕೋಣೆ ಇಲ್ಲವೆಂದಿದ್ದಾನೆ. ಆಮೇಲೆ ಸರ್ಕಾರಿ ಪ್ರವಾಸಿ ಕಚೇರಿ ಎಂದು ಬೋರ್ಡು ಹಾಕಿಕೊಂಡ ಒಂದು ಖಾಸಗಿ ಅಂಗಡಿ. ಊರಲ್ಲಿ ಎಲ್ಲಿಯೂ ಕೋಣೆ ಇಲ್ಲ ಎಂದು ಹೆದರಿಸಿ, ರಾತ್ರೋರಾತ್ರಿ ರಾಜಸ್ಥಾನಕ್ಕೆ ಕಾರು ಹತ್ತಿಸಿದ್ದಾರೆ. ಅವರು ಕೊಟ್ಟ ಹಣ ಕೇಳಿ ನನಗೆ ತಲೆ ತಿರುಗಿತು. ನಮ್ಮಲ್ಲಿ ಎರಡು ತಿಂಗಳು ಇದ್ದು, ಮೂರು ಹೊತ್ತು ಉಂಡರೂ ಅಷ್ಟಾಗುತ್ತಿರಲಿಲ್ಲ.

ಮೂರು ರಾತ್ರಿಯ ಬಾಡಿಗೆ ಹೋದದ್ದು ದೊಡ್ಡದಲ್ಲ. ನನ್ನ ಹೆಸರಿನಲ್ಲಿ ಯಾರೋ ಸುಳ್ಳು ಹೇಳಿದರು, ಐದು ದಿನ ಆ ಇಬ್ಬರು ನನ್ನನ್ನೇ ಬೈದುಕೊಂಡು ತಿರುಗಿದರು ಎಂಬುದು ಇಂದಿಗೂ ಚುಚ್ಚುತ್ತದೆ. ಇದು ಅಪರೂಪದ ಕಥೆಯೂ ಅಲ್ಲ. ದೆಹಲಿಯಲ್ಲಿ ವಸತಿಗೃಹ ನಡೆಸುವ ಯಾರನ್ನು ಕೇಳಿದರೂ ಇಂಥದ್ದೊಂದು ಹೇಳುತ್ತಾರೆ.

ಬುಕಿಂಗ್ ಬಂದ ದಿನವೇ ಪತ್ರ

ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡಿದ್ದೇನೆ. ಬುಕಿಂಗ್ ಬಂದ ದಿನವೇ ಅತಿಥಿಗೆ ಸರಳ ಇಂಗ್ಲಿಷಿನಲ್ಲಿ ಒಂದು ಪತ್ರ ಹೋಗುತ್ತದೆ. ಮೊದಲ ಸಾಲು: ನಮ್ಮ ಹೋಟೆಲು ತೆರೆದಿದೆ, ನಿಮ್ಮ ಕೋಣೆ ಇದೆ, ಹೋಟೆಲು ಸುಟ್ಟಿದೆ, ಮುಚ್ಚಿದೆ, ತುಂಬಿದೆ, ಸ್ಥಳ ಬದಲಾಗಿದೆ ಎಂದು ಯಾರು ಹೇಳಿದರೂ ನಂಬಬೇಡಿ. ಎರಡನೆಯ ಸಾಲು: ಬೇರೆಯವರ ಫೋನಿನಿಂದ, ಬೇರೆಯವರು ಒತ್ತಿದ ನಂಬರಿಗೆ ಮಾತನಾಡಬೇಡಿ; ಈ ಪತ್ರದಲ್ಲಿರುವ ನಂಬರನ್ನು ನೀವೇ ಒತ್ತಿ. ಈ ಎರಡು ಸಾಲಿನಿಂದಲೇ ಅರ್ಧ ತೊಂದರೆ ತಪ್ಪಿದೆ.

ಉಳಿದದ್ದು ದಾರಿ. ಹಗಲು ಇಳಿಯುವವರಿಗೆ ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಮೆಟ್ರೋಗಿಂತ ಒಳ್ಳೆಯದಿಲ್ಲ. 2011ರಲ್ಲಿ ಶುರುವಾದ ಈ ಮಾರ್ಗ ಟರ್ಮಿನಲ್ 3ರಿಂದ ನೇರ ನವದೆಹಲಿ ನಿಲ್ದಾಣಕ್ಕೆ ತರುತ್ತದೆ. ಆದರೆ ಇಲ್ಲೊಂದು ತೊಡಕಿದೆ. ಮೆಟ್ರೋ ಇಳಿಸುವುದು ಅಜ್ಮೇರಿ ಗೇಟ್ ಬದಿಗೆ. ಪಹಾಡ್‌ಗಂಜ್ ಇರುವುದು ರೈಲು ನಿಲ್ದಾಣದ ಆಚೆ ಬದಿಗೆ. ನಡುವೆ ಹದಿನಾರು ಪ್ಲಾಟ್‌ಫಾರಂ ದಾಟುವ ಮೇಲ್ಸೇತುವೆ. ಅದರ ಬಾಯಲ್ಲೇ ಗುರುತಿನ ಚೀಟಿ ನೇತುಹಾಕಿಕೊಂಡ ಒಬ್ಬ ನಿಂತು, "ಟಿಕೆಟ್ ಇಲ್ಲದೆ ದಾಟುವಂತಿಲ್ಲ, ಪಾಸ್ ಮಾಡಿಸಬೇಕು ಬನ್ನಿ" ಎಂದು ಕರೆದೊಯ್ಯುತ್ತಾನೆ. ಎಲ್ಲಿಗೆ ಎಂದು ಮತ್ತೆ ಹೇಳಬೇಕಿಲ್ಲ.

ಅದಕ್ಕೇ ನಾನು ಸೇತುವೆಯನ್ನೇ ಬಿಡಿಸಿಬಿಟ್ಟೆ. ನವದೆಹಲಿಯಲ್ಲಿ ಹೊರಗೆ ಬಾರದೆ ಹಳದಿ ಮಾರ್ಗದ ಮೆಟ್ರೋ ಹಿಡಿದರೆ ಮುಂದಿನದೇ ರಾಜೀವ್ ಚೌಕ್. ಅಲ್ಲಿ ನೀಲಿ ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ರಾಮಕೃಷ್ಣ ಆಶ್ರಮ ಮಾರ್ಗ. ಇಳಿದರೆ ಮೇನ್ ಬಜಾರಿನ ಇನ್ನೊಂದು ತುದಿ. ಹತ್ತು ನಿಮಿಷ ಹೆಚ್ಚು ಹಿಡಿಯಬಹುದು, ಆದರೆ ನಡುವೆ ಯಾರೂ ತಡೆಯುವುದಿಲ್ಲ. ಮೆಟ್ರೋದ ಮೊದಲ ಬೋಗಿ ಹೆಂಗಸರಿಗೆ ಮೀಸಲು ಎಂದೂ ಬರೆಯಿರಿ. ಪಾಪ, ಗೊತ್ತಿಲ್ಲದೆ ಹತ್ತಿ ಮುಜುಗರಪಡುವ ಗಂಡಸರನ್ನು ನೋಡಿದ್ದೇನೆ.

ನಡುರಾತ್ರಿ ಇಳಿಯುವವರಿಗೆ ಮೆಟ್ರೋ ಇಲ್ಲ. ಅವರಿಗೆ ಪೊಲೀಸರ ಪ್ರಿಪೇಯ್ಡ್ ಟ್ಯಾಕ್ಸಿ ಕೌಂಟರ್, ಇಲ್ಲವೇ ನಾವೇ ಕಳಿಸುವ ಗೊತ್ತಿರುವ ಕಾರು. ಪ್ರಿಪೇಯ್ಡ್ ಚೀಟಿಯನ್ನು ಹೋಟೆಲಿನ ಬಾಗಿಲಲ್ಲಿ ಇಳಿದ ಮೇಲೆಯೇ ಚಾಲಕನಿಗೆ ಕೊಡಬೇಕು. ಆ ಚೀಟಿ ಕೈಸೇರುವವರೆಗೆ ಅವನಿಗೆ ಹಣವಿಲ್ಲ, ಹಾಗಾಗಿ ದಾರಿ ತಪ್ಪುವುದಿಲ್ಲ. ಕಾರು ಕಳಿಸುವುದಾದರೆ ದರವನ್ನು ಮೊದಲೇ ಪತ್ರದಲ್ಲಿ ಬರೆಯಿರಿ. ವಿಯೆಟ್ನಾಂನ ಹೋಯಿ ಆನ್ ಎಂಬ ಹಳೆಯ ಪಟ್ಟಣಕ್ಕೆ ಸ್ವಂತ ವಿಮಾನ ನಿಲ್ದಾಣವೇ ಇಲ್ಲ. ಸುಮಾರು 30 ಕಿಲೋಮೀಟರ್ ದೂರದ ಡಾ ನಾಂಗ್‌ನಲ್ಲಿ ಇಳಿಯಬೇಕು. ಅಲ್ಲಿನ ಸಣ್ಣಪುಟ್ಟ ವಸತಿಗೃಹದವರೂ ಕಾರಿನ ದರ ಮೊದಲೇ ತಿಳಿಸಿ, ಹೆಸರು ಬರೆದ ಫಲಕ ಹಿಡಿಸಿ ಕರೆಸಿಕೊಳ್ಳುತ್ತಾರೆ ಎಂದು ಅಲ್ಲಿಂದ ಬಂದ ಅತಿಥಿಗಳು ಹೇಳುತ್ತಾರೆ. ಅವರಿಗೆ ಆಗುವುದು ನಮಗೇಕೆ ಆಗಬಾರದು?

ಟಿಕೆಟ್ಟು, ಚಿಲ್ಲರೆ, ಶುಕ್ರವಾರ

ಅತಿಥಿ ಬಂದಾಯಿತು, ಸ್ನಾನ ಆಯಿತು, ಮಸಾಲೆ ದೋಸೆಯೂ ಆಯಿತು. ಮುಂದಿನ ಪ್ರಶ್ನೆ ರೈಲು ಟಿಕೆಟ್ಟು. ನವದೆಹಲಿ ನಿಲ್ದಾಣದ ಪಹಾಡ್‌ಗಂಜ್ ಬದಿಯ ಮೊದಲ ಮಹಡಿಯಲ್ಲಿ ವಿದೇಶಿ ಪ್ರವಾಸಿಗಳಿಗೆಂದೇ ರೈಲ್ವೆಯ ಟಿಕೆಟ್ ಕಚೇರಿ ಬಹಳ ಕಾಲದಿಂದ ಹೆಸರಾಗಿದೆ. ಅದು ಮುಚ್ಚಿದೆ, ಕನ್ನಾಟ್ ಪ್ಲೇಸಿಗೆ ಹೋಗಿದೆ ಎನ್ನುವ ದಲ್ಲಾಳಿಗಳೂ ಅಷ್ಟೇ ಹಳಬರು. ಈಗ ನಿಲ್ದಾಣದ ಪುನರ್‌ನಿರ್ಮಾಣದ ಕೆಲಸ ನಡೆದಿರುವುದರಿಂದ ಬಾಗಿಲು, ಮೆಟ್ಟಿಲು ಬದಲಾಗುತ್ತಿರುತ್ತವೆ. ಆದ್ದರಿಂದ ತಿಂಗಳಿಗೊಮ್ಮೆ ನಿಮ್ಮ ಹುಡುಗನನ್ನು ಕಳಿಸಿ, ಕಣ್ಣಾರೆ ನೋಡಿಬರಲು ಹೇಳಿ. ಸಾಧ್ಯವಾದರೆ ಅತಿಥಿಯ ಜೊತೆಗೇ ಕಳಿಸಿ. ಕಾಲು ಗಂಟೆಯ ಕೆಲಸ. ಕೇಂದ್ರ ಸರ್ಕಾರದ ನಿಜವಾದ ಪ್ರವಾಸಿ ಮಾಹಿತಿ ಕಚೇರಿ ಇರುವುದು 88, ಜನಪಥ್ ವಿಳಾಸದಲ್ಲಿ. ಅಲ್ಲಿ ನಕ್ಷೆ, ಮಾಹಿತಿ ಸಿಗುತ್ತದೆ. ಒತ್ತಾಯ ಮಾಡಿ ಪ್ಯಾಕೇಜ್ ಮಾರುವ ಜಾಗ ಸರ್ಕಾರಿ ಕಚೇರಿಯಲ್ಲ ಎಂದು ತಿಳಿಸಿದರೆ ಸಾಕು, ಅತಿಥಿ ತಾನೇ ಗುರುತಿಸುತ್ತಾನೆ.

ನಮಗೆ ನವದೆಹಲಿ ಎಂದರೆ ಕರ್ನಾಟಕ ಎಕ್ಸ್‌ಪ್ರೆಸ್, ನಿಜಾಮುದ್ದೀನ್ ಎಂದರೆ ಬೆಂಗಳೂರು ರಾಜಧಾನಿ. ಅತಿಥಿಗೆ ಎಲ್ಲವೂ 'ಡೆಲ್ಲಿ'. ಹಳೆ ದೆಹಲಿ, ಆನಂದ್ ವಿಹಾರ್ ಬೇರೆ ಇವೆ. ಟಿಕೆಟ್ಟು ನೋಡಿ ನಿಲ್ದಾಣದ ಹೆಸರಿಗೆ ನೀವೇ ಗೆರೆ ಎಳೆದು ಕೊಡಿ. ಆಗ್ರಾಕ್ಕೆ ಒಳ್ಳೆಯ ರೈಲಾದ ಗತಿಮಾನ್ ಎಕ್ಸ್‌ಪ್ರೆಸ್ 2016ರಿಂದ ಓಡುತ್ತಿರುವುದು ಹಜರತ್ ನಿಜಾಮುದ್ದೀನ್‌ನಿಂದ. ಶುಕ್ರವಾರ ಆ ರೈಲಿಲ್ಲ, ತಾಜ್‌ಮಹಲಿಗೂ ಅಂದು ರಜೆ. ಶುಕ್ರವಾರ ಕಾರು ಮಾಡಿಕೊಂಡು ಹೋಗಿ ನದಿಯಾಚೆಯಿಂದ ಗೋಪುರ ನೋಡಿ ಬಂದವರು ಒಬ್ಬಿಬ್ಬರಲ್ಲ. ಕೆಂಪು ಕೋಟೆಗೆ ಸೋಮವಾರ ರಜೆ. ತಾಜ್‌ಗೆ ವಿದೇಶಿಯರ ಪ್ರವೇಶ ಶುಲ್ಕ 1,100 ರೂಪಾಯಿ, ಮುಖ್ಯ ಗೋರಿಯ ಒಳಗೆ ಹೋಗಲು ಮೇಲೆ 200. ನಮಗೆ 50 ಎಂದು ಗೊತ್ತಾದಾಗ ಕೆಲವರು ಗಲ್ಲಾದ ಮುಂದೆ ಜಗಳಕ್ಕೆ ನಿಲ್ಲುತ್ತಾರೆ. ಸರ್ಕಾರದ ದರ ಎಂದು ಮೊದಲೇ ಹೇಳಿಬಿಟ್ಟರೆ ಆ ಸಿಟ್ಟು ನಮ್ಮ ಮೇಲೆ ಬರುವುದಿಲ್ಲ.

ಹಣದ ವಿಷಯದಲ್ಲಿ ಕಾಲ ಬದಲಾಗಿದೆ. ಆಟೋದವನು, ಚಹಾದವನು ಎಲ್ಲರೂ ಈಗ ಯುಪಿಐ ಎನ್ನುತ್ತಾರೆ. ವಿದೇಶಿಯರ ಬಳಿ ನಮ್ಮ ಬ್ಯಾಂಕ್ ಖಾತೆ ಇರುವುದಿಲ್ಲ. ಅವರಿಗಾಗಿ 'ಯುಪಿಐ ಒನ್ ವರ್ಲ್ಡ್' ಎಂಬ ವ್ಯವಸ್ಥೆ 2023ರಲ್ಲಿ ಬಂದಿದೆ, ಆದರೆ ಅದನ್ನು ಮಾಡಿಸಿಕೊಂಡು ಬರುವವರು ನನ್ನ ಗಲ್ಲಾದಲ್ಲಿ ಕಡಿಮೆ. ಬೆಳಿಗ್ಗೆ ಹೊರಡುವಾಗ 500ರ ನೋಟಿಗೆ ನಮ್ಮ ಗಲ್ಲಾದಿಂದ ಚಿಲ್ಲರೆ ಕೊಟ್ಟು ಕಳಿಸುವುದು ದೊಡ್ಡ ಉಪಕಾರ. ಇನ್ನೊಂದು: ಹತ್ತು ವರ್ಷದ ಹಿಂದೆ ಬಂದುಹೋದವರು ಜೋಪಾನವಾಗಿಟ್ಟ ಹಳೆಯ 500, 1,000ದ ನೋಟುಗಳನ್ನು ತರುತ್ತಾರೆ. 2016ರ ನವೆಂಬರಿನ ಕಥೆ ಅವರಿಗೆ ಗೊತ್ತಿರುವುದಿಲ್ಲ. ಹೇಳುವಾಗ ನಮಗೇ ಸಂಕಟ.

ತೊಂದರೆಯಾದರೆ ಕರೆ ಮಾಡಲು 112. ಪ್ರವಾಸೋದ್ಯಮ ಸಚಿವಾಲಯದ ಸಹಾಯವಾಣಿ 1363, ಹಿಂದಿ, ಇಂಗ್ಲಿಷ್ ಅಲ್ಲದೆ ಹತ್ತು ವಿದೇಶಿ ಭಾಷೆಗಳಲ್ಲಿ. ಇವೆರಡನ್ನೂ ಕೋಣೆಯ ಬಾಗಿಲ ಹಿಂದೆ ಅಂಟಿಸಿ.

ಸಿ ಫಾರಂ ಹೆದರಿಕೆ

ಕೆಲವು ಸದಸ್ಯರು ವಿದೇಶಿಯರೇ ಬೇಡ, ಪೊಲೀಸ್ ರಗಳೆ ಎನ್ನುತ್ತಾರೆ. ಆನ್‌ಲೈನ್ ಬುಕಿಂಗ್ ಒಪ್ಪಿಕೊಂಡು, ನಡುರಾತ್ರಿ ಬಾಗಿಲಲ್ಲಿ "ವಿದೇಶಿಯರಿಗೆ ಕೊಡುವುದಿಲ್ಲ" ಎಂದು ತಿರುಗಿಸುವುದು ನನ್ನ ಮಟ್ಟಿಗೆ ಆ ಟ್ಯಾಕ್ಸಿಯವನ ಕೆಲಸಕ್ಕಿಂತ ಹೆಚ್ಚು ಬೇರೆಯಲ್ಲ. ಬೇಡವಾದರೆ ಬುಕಿಂಗೇ ತೆಗೆದುಕೊಳ್ಳಬೇಡಿ.

ನಿಜವಾಗಿ ರಗಳೆ ಅಷ್ಟಿಲ್ಲ. ನಾವು ಸಿ ಫಾರಂ ಎಂದೇ ಕರೆದು ರೂಢಿಯಾದ ಮಾಹಿತಿಯನ್ನು ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. 1946ರ ವಿದೇಶಿಯರ ಕಾಯ್ದೆ ಹೋಗಿ, 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಜಾರಿಗೆ ಬಂದಿದೆ. ಕಾಯ್ದೆ ಬದಲಾದರೂ ನಮ್ಮ ಜವಾಬ್ದಾರಿ ಹೋಗಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾ ಪುಟದ ಪ್ರತಿ ತೆಗೆದುಕೊಂಡು ಮೂಲವನ್ನು ಆಗಲೇ ಹಿಂದಿರುಗಿಸಿ. ರಾತ್ರಿಯಿಡೀ ಗಲ್ಲಾದ ಡ್ರಾಯರಿನಲ್ಲಿ ಪಾಸ್‌ಪೋರ್ಟ್ ಇಟ್ಟುಕೊಳ್ಳುವ ಹಳೆಯ ಅಭ್ಯಾಸ ಬಿಡಿ, ಕಳೆದರೆ ತಲೆಗೆ ಬರುತ್ತದೆ. ನಮ್ಮವರು ಹೆಚ್ಚಾಗಿ ಎಡವುವುದು ಒಂದು ಕಡೆ. ಅಮೆರಿಕದಿಂದ ಬಂದವರು ಕನ್ನಡದಲ್ಲೇ ಮಾತನಾಡುತ್ತಾರೆ, ಶಿವಮೊಗ್ಗದ ನೆಂಟಸ್ತಿಕೆ ಹೇಳುತ್ತಾರೆ, ನಾವು ಕರಗಿ ಫಾರಂ ಮರೆಯುತ್ತೇವೆ. ಪಾಸ್‌ಪೋರ್ಟ್ ಆ ದೇಶದ್ದಾದರೆ ಫಾರಂ ಬೇಕೇ ಬೇಕು.

ಸಾಂಬಾರಿನ ಇಂಗು

ಕಾರ್ಕಳ ಮೂಲದ ಜಯರಾಮ ಬನಾನ್ ಅವರು 1986ರಲ್ಲಿ ಡಿಫೆನ್ಸ್ ಕಾಲೊನಿಯಲ್ಲಿ 'ಸಾಗರ್' ತೆರೆದು ಇಷ್ಟು ವರ್ಷಗಳಾದ ಮೇಲೆ ದೆಹಲಿಯವರಿಗೆ ದೋಸೆ ಎಂದರೇನೆಂದು ನಾವು ಹೇಳಬೇಕಾಗಿಲ್ಲ. ವಿದೇಶಿ ಅತಿಥಿಗೆ ಮಾತ್ರ ಹೇಳಬೇಕು, ಅದೂ ಸರಿಯಾಗಿ ಹೇಳಬೇಕು.

ಹೊಟ್ಟೆ ಕೆಡುವುದಕ್ಕೆ ಅವರು 'ಡೆಲ್ಲಿ ಬೆಲ್ಲಿ' ಎಂದು ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಮೊದಲ ಎರಡು ದಿನ ಹಬೆಯಲ್ಲಿ ಬೆಂದ ಇಡ್ಲಿ, ಕಾವಲಿಯಿಂದ ಆಗ ತಾನೇ ತೆಗೆದ ದೋಸೆ, ಬಿಸಿ ಅನ್ನ ತಿನ್ನಿ ಎಂದು ನಾನು ಹೇಳುತ್ತೇನೆ. ಇದರಲ್ಲಿ ನಮ್ಮ ವ್ಯಾಪಾರವೂ ಇದೆ, ಅವರ ಆರೋಗ್ಯವೂ ಇದೆ. ಚಟ್ನಿ ಮಾತ್ರ ಬೇಯದ ಪದಾರ್ಥ. ಅದಕ್ಕೆ ಕಾಯಿಸಿ ಆರಿಸಿದ ನೀರನ್ನೇ ಹಾಕಿ, ಬೆಳಗಿನ ಚಟ್ನಿಯನ್ನು ಮಧ್ಯಾಹ್ನಕ್ಕೆ ಬಡಿಸಬೇಡಿ. ಬೀದಿಯ ಐಸು ಬೇಡ, ನೀರಿನ ಬಾಟಲಿಯ ಸೀಲು ತಾವೇ ಒಡೆಯಬೇಕು ಎಂದೂ ತಿಳಿಸಿ.

ಆದರೆ ನಾನು ಹೇಳಬೇಕೆಂದಿರುವುದು ಗೋಧಿಯ ವಿಚಾರ. ಸೀಲಿಯಾಕ್ ಎಂಬ ಕಾಯಿಲೆ ಇರುವವರಿಗೆ ಗೋಧಿಯ ಗ್ಲುಟೆನ್ ಸ್ವಲ್ಪ ಹೊಟ್ಟೆಗೆ ಹೋದರೂ ಕರುಳಿಗೆ ಪೆಟ್ಟು. ಇಂಥವರಿಗೆ ಅಕ್ಕಿ-ಉದ್ದಿನ ನಮ್ಮ ತಿಂಡಿ ವರದಾನ ಎಂದು ಪ್ರವಾಸಿ ಪುಸ್ತಕ ಓದಿಕೊಂಡು ಹುಡುಕಿಕೊಂಡು ಬರುತ್ತಾರೆ. ಹಾಗೆ ಬಂದ ಹಿರಿಯ ಹೆಂಗಸೊಬ್ಬರಿಗೆ ನಮ್ಮ ಸಪ್ಲೈಯರ್ ಧೈರ್ಯವಾಗಿ ಹೇಳಿದ, ಗೋಧಿ ಇಲ್ಲವೇ ಇಲ್ಲ ಎಂದು. ದೋಸೆಯಲ್ಲಿ ಇರಲಿಲ್ಲ, ನಿಜ. ಸಂಜೆ ಅವರು ಕೋಣೆಯಲ್ಲಿ ನರಳುತ್ತಿದ್ದರು. ಡಾಕ್ಟರನ್ನು ಕರೆಸಿದೆವು.

ರಾತ್ರಿ ಅಡುಗೆಮನೆಯಲ್ಲಿ ಒಂದೊಂದೇ ಡಬ್ಬಿ ತೆಗೆದು ನೋಡಿದೆ. "ಭಟ್ರೇ, ಸಾಂಬಾರಿಗೆ ಏನೇನು ಹಾಕಿದ್ರಿ?" ಅಂದರೆ, "ದಿನಾ ಹಾಕೋದೇ ಸ್ವಾಮಿ" ಎಂದರು. ದಿನಾ ಹಾಕುವ ಇಂಗಿನ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಎಂದಿತ್ತು. ಅಂಗಡಿಯ ಪುಡಿ ಇಂಗು ಬರೀ ಇಂಗಲ್ಲ, ಹಿಟ್ಟು ಬೆರೆಸಿ ಮಾಡಿದ್ದು. ಮೂವತ್ತು ವರ್ಷ ಗಲ್ಲಾದ ಮೇಲೆ ಕೂತವನಿಗೆ ಅಂದು ಗೊತ್ತಾಯಿತು. ಅಕ್ಕಿ ಹಿಟ್ಟಿನ ಇಂಗೂ ಸಿಗುತ್ತದೆ, ಈಗ ಅದನ್ನೇ ತರಿಸುತ್ತೇನೆ. ಜೊತೆಗೆ, ರವೆ ಇಡ್ಲಿ, ರವೆ ದೋಸೆ ಗೋಧಿಯದೇ. ರವೆ ದೋಸೆ ಹೊಯ್ದ ಕಾವಲಿಯಲ್ಲಿ ಸಾದಾ ದೋಸೆ ಹೊಯ್ದರೂ, ಮೈದಾದ ಗೋಳಿಬಜೆ ಕರಿದ ಎಣ್ಣೆಯಲ್ಲಿ ಉದ್ದಿನವಡೆ ಕರಿದರೂ ಅವರಿಗೆ ಆಗದು. ತೆಂಗಿನಕಾಯಿ ತುಟ್ಟಿಯಾದಾಗ ಚಟ್ನಿಗೆ ಶೇಂಗಾ ಸೇರಿಸುವುದು ನಮ್ಮಲ್ಲಿ ಗುಟ್ಟೇನಲ್ಲ. ಶೇಂಗಾ ಅಲರ್ಜಿ ಇರುವವರಿಗೆ ಅದು ಪ್ರಾಣಕ್ಕೇ ಬರಬಹುದು. ಸಪ್ಲೈಯರುಗಳಿಗೆ ಒಂದೇ ಮಾತು ಕಲಿಸಿದ್ದೇನೆ: ಗೊತ್ತಿಲ್ಲದಿದ್ದರೆ "ಇಲ್ಲ" ಎನ್ನಬೇಡ, "ಒಳಗೆ ಕೇಳಿ ಬರ್ತೀನಿ" ಎನ್ನು.

ಆ ಹೆಂಗಸು ಎರಡು ದಿನದ ಮೇಲೆ ಚೇತರಿಸಿಕೊಂಡು ಋಷಿಕೇಶಕ್ಕೆ ಹೋದರು. ಹೊರಡುವ ಮುನ್ನ ಅವರೇ ಕೂತು, ತಾವು ತಿನ್ನಬಾರದ್ದನ್ನೆಲ್ಲ ನಮ್ಮ ಹುಡುಗನ ಕೈಲಿ ಹಿಂದಿಯಲ್ಲಿ ಬರೆಸಿಕೊಂಡ ಚೀಟಿಯ ಒಂದು ನಕಲು ನಮ್ಮ ಅಡುಗೆಮನೆಯ ಗೋಡೆಯ ಮೇಲೂ ಇದೆ.

ಅತಿಥಿಗಳಿಗೆ ಕಳಿಸುವ ಪತ್ರದ ಪ್ರತಿಯನ್ನು ಸಂಘದ ಕಚೇರಿಗೆ ಕೊಟ್ಟಿದ್ದೇನೆ. ಬೇಕಾದ ಸದಸ್ಯರು ಪಡೆದುಕೊಳ್ಳಬಹುದು. ಹೋಟೆಲಿನ ಹೆಸರು, ಫೋನ್ ನಂಬರು ಬದಲಿಸಿಕೊಳ್ಳಲು ಮರೆಯಬೇಡಿ. ಕಳೆದ ಸಲ ಒಬ್ಬ ಮಿತ್ರರು ಮರೆತು, ಅವರ ಅತಿಥಿಗಳು ರಾತ್ರಿ ಎರಡು ಗಂಟೆಗೆ ನನ್ನನ್ನು ಎಬ್ಬಿಸಿದರು.