ಜೇಬಿನ ಕೋವಿ

ಕಬ್ಬು ಅರೆಯುವ ಕಾಲದ ಒಂದು ಸಂಜೆ ನನ್ನ ಭಾವನವರು ಮದ್ದೂರಿನ ನಮ್ಮ ಮನೆಗೆ ಬಂದರು. ಶಿಂಷಾ ನದಿಯ ಆಚೆಗೆ ಅವರದೊಂದು ಆಲೆಮನೆಯಿದೆ. ಮಂಡ್ಯದ ಮಂಡಿಗೆ ಬೆಲ್ಲ ಹಾಕಿ ಹಣದೊಡನೆ ಹಿಂದಿರುಗುತ್ತಿದ್ದಾಗ ದಾರಿಯಲ್ಲಿ ಇಬ್ಬರು ಚಾಕು ತೋರಿಸಿ ಎಲ್ಲವನ್ನೂ ಕಿತ್ತುಕೊಂಡಿದ್ದರು. ಮೈಗೆ ಗಾಯವೇನೂ ಆಗಿರಲಿಲ್ಲ. ಆದರೆ ಅಂದಿನಿಂದ ಅವರಿಗೆ ನಿದ್ರೆಯಿಲ್ಲ.

"ನೀನು ವಕೀಲಿ ಮಾಡಿದವನು. ಒಂದು ರಿವಾಲ್ವರಿಗೆ ಅರ್ಜಿ ಬರೆದುಕೊಡು. ಚಿಕ್ಕದಾದರೂ ಸರಿ, ಜೇಬಿನಲ್ಲಿದ್ದರೆ ಒಂದು ಧೈರ್ಯ" ಎಂದರು.

ನಾನು ಒಡನೆ ಒಪ್ಪಲಿಲ್ಲ, ಒಲ್ಲೆನೆಂದೂ ಹೇಳಲಿಲ್ಲ. ನಾಲ್ಕು ದಿನದ ಅವಕಾಶ ಕೇಳಿದೆ. ಆ ನಾಲ್ಕು ದಿನ ನಾನು ಓದಿದ್ದನ್ನೂ ಯೋಚಿಸಿದ್ದನ್ನೂ ನಿಮ್ಮ ಮುಂದಿಡುವುದೇ ಈ ಮಾತಿನ ಉದ್ದೇಶ.

ನಮ್ಮ ದೇಶದಲ್ಲಿ ಆಯುಧ ಹೊಂದುವುದು ಹುಟ್ಟಿನಿಂದ ಬಂದ ಹಕ್ಕಲ್ಲ. 1959ರ ಆಯುಧ ಕಾಯಿದೆಯ ಪ್ರಕಾರ ಇಪ್ಪತ್ತೊಂದು ವರ್ಷ ತುಂಬಿದವನು ಪರವಾನಗಿಗಾಗಿ ಜಿಲ್ಲಾ ದಂಡಾಧಿಕಾರಿಗೆ ಅರ್ಜಿ ಹಾಕಬೇಕು. ಪೊಲೀಸರ ವರದಿ ಬರಬೇಕು. 2016ರ ನಿಯಮಾವಳಿಯಿಂದೀಚೆಗೆ ಆಯುಧವನ್ನು ಸುರಕ್ಷಿತವಾಗಿ ಬಳಸುವ ತರಬೇತಿಯನ್ನೂ ಪಡೆಯಬೇಕು. 2019ರ ತಿದ್ದುಪಡಿ ಒಬ್ಬನು ಇಟ್ಟುಕೊಳ್ಳಬಹುದಾದ ಕೋವಿಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಕೊಡವರಿಗೆ ಪರವಾನಗಿಯಿಂದ ವಿನಾಯಿತಿ ಇದೆಯೆಂಬುದು ನಿಮಗೆ ತಿಳಿದೇ ಇದೆ. ಅದು 1861ರಲ್ಲಿ ಮಾರ್ಕ್ ಕಬ್ಬನ್ ಕೊಟ್ಟ ಆದೇಶದಿಂದ ಬಂದದ್ದು. ಆದರೆ ಅಲ್ಲಿನ ಕೋವಿ ಕೈಲ್‌ಪೊಳ್ದಿನ ದಿನ ಪೂಜೆಗೊಳ್ಳುವ, ಮನೆತನಕ್ಕೆ ಸೇರಿದ ವಸ್ತು. ಭಯದಿಂದ ಜೇಬಿಗೆ ಸೇರುವ ರಿವಾಲ್ವರಿನ ಕಥೆಯೇ ಬೇರೆ.

9 ಮಿಲಿಮೀಟರಿನ ಪಿಸ್ತೂಲು, .38 ರಿವಾಲ್ವರುಗಳು ನಿಷೇಧಿತ ಬೋರಿನವು. ಸಾಮಾನ್ಯ ನಾಗರಿಕನಿಗೆ ದೊರೆಯುವುದು.32 ಅಥವಾ .22. ಕಾನ್ಪುರದ ಕಾರ್ಖಾನೆ 2014ರಲ್ಲಿ ಹೆಂಗಸರಿಗೆಂದು ಹೊರತಂದ 'ನಿರ್ಭೀಕ್' ಕೂಡ .32 ಬೋರಿನದೇ. ಅರ್ಧ ಕಿಲೋ ತೂಕದ ಆ ರಿವಾಲ್ವರಿನ ಬೆಲೆ ಆಗ 1.22 ಲಕ್ಷ ರೂಪಾಯಿ. ಭಯಪಟ್ಟವರಲ್ಲಿ ಎಷ್ಟು ಜನರಿಗೆ ಅದು ಎಟುಕೀತು?

ಈ ಕಿರುಬೋರಿನ ಶಕ್ತಿಯೆಷ್ಟು? .32 ಪಿಸ್ತೂಲಿನ ಗುಂಡು ಸುಮಾರು 4.6 ಗ್ರಾಂ ತೂಗುತ್ತದೆ. ಸೆಕೆಂಡಿಗೆ ಸುಮಾರು 275 ಮೀಟರು, ಎಂದರೆ ಶಬ್ದಕ್ಕಿಂತ ನಿಧಾನವಾಗಿ ಸಾಗುತ್ತದೆ. ಹಳೆಯ .303 ರೈಫಲಿನ ಗುಂಡಿಗೆ ಇದರ ಹದಿನೇಳು ಹದಿನೆಂಟು ಪಟ್ಟು ಶಕ್ತಿಯಿದೆ. ಮಿದುಳಿಗೋ ಬೆನ್ನುಹುರಿಗೋ ತಗುಲಿದ ಹೊರತು ಚಿಕ್ಕ ಗುಂಡು ಮನುಷ್ಯನನ್ನು ನಿಂತಲ್ಲೇ ಕೆಡವುವುದೆಂಬ ಭರವಸೆಯಿಲ್ಲ. ರಕ್ತ ಸೋರಿ ಅವನು ಕುಸಿಯುವ ಮೊದಲು ಅವನ ಕೈಯ ಚಾಕು ತನ್ನ ಕೆಲಸವನ್ನು ಮುಗಿಸಬಹುದು. ಆದರೆ ಅದೇ ಗುಂಡು ಅವನನ್ನು ಗಂಟೆಯ ಮೇಲೆ ಆಸ್ಪತ್ರೆಯಲ್ಲಿ ಕೊಲ್ಲಲೂಬಹುದು. ತಡೆಯಲು ಸಾಲದೆ, ಕೊಲ್ಲಲು ಸಾಕಾಗುವ ಆಯುಧವಿದು. ಆತ್ಮರಕ್ಷಣೆಗೆ ಬೇಕಾದದ್ದು ಇದಕ್ಕೆ ತೀರ ವಿರುದ್ಧವಾದ ಗುಣವಲ್ಲವೆ?

ವೇಳೆಯ ಪ್ರಶ್ನೆಯೂ ಇದೆ. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯೂಲರ್ 1983ರಲ್ಲಿ ಒಂದು ಲೆಕ್ಕವನ್ನು ಪ್ರಕಟಿಸಿದರು: ಚಾಕು ಹಿಡಿದವನು 21 ಅಡಿಯನ್ನು ಒಂದೂವರೆ ಸೆಕೆಂಡಿನಲ್ಲಿ ದಾಟಬಲ್ಲ, ಪಳಗಿದ ಪೊಲೀಸಿನವನಿಗೂ ಒರೆಯಿಂದ ಪಿಸ್ತೂಲನ್ನು ತೆಗೆದು ಗುರಿಯಿಡಲು ಅಷ್ಟೇ ಹೊತ್ತು ಬೇಕು. ಭಾವನವರನ್ನು ಅಡ್ಡಗಟ್ಟಿದವರು ನಿಂತಿದ್ದದ್ದು ಒಂದು ಮಾರು ದೂರದಲ್ಲಿ.

ಆಕ್ರಮಣಕಾರನಿಗಾದರೋ ಈ ತೊಡಕುಗಳಿಲ್ಲ. ವೇಳೆ, ಸ್ಥಳ ಎಲ್ಲವೂ ಅವನ ಆಯ್ಕೆ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ, ಗೌರಿ ಲಂಕೇಶ್ 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ತಮ್ಮ ಮನೆಯ ಮುಂದೆ ಹತರಾದರು. ಎರಡೂ ಕಡೆ ಬಳಕೆಯಾದದ್ದು 7.65 ಮಿಲಿಮೀಟರಿನ ನಾಡಪಿಸ್ತೂಲು. .32 ಎಂದರೂ 7.65 ಎಂದರೂ ಪಿಸ್ತೂಲಿನ ಮಟ್ಟಿಗೆ ಒಂದೇ. ರಕ್ಷಣೆಗೆ ಅರೆಬರೆಯಾದ ಬೋರು ಹೊಂಚಿ ಬಂದವನ ಕೈಯಲ್ಲಿ ಪೂರ್ಣ ಸಮರ್ಥವಾಗಿತ್ತು.

ಇನ್ನು ಕಾನೂನು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಆತ್ಮರಕ್ಷಣೆಯ ಹಕ್ಕನ್ನು ಒಪ್ಪುತ್ತವೆ. ಪ್ರಾಣಾಪಾಯವಿದ್ದರೆ ಎದುರಾಳಿಯ ಪ್ರಾಣ ತೆಗೆಯುವವರೆಗೂ ಒಪ್ಪುತ್ತವೆ. ಆದರೆ ಅಗತ್ಯಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ. ಹಣ ಕಿತ್ತುಕೊಂಡು ಓಡುವವನ ಬೆನ್ನಿಗೆ ಗುಂಡು ಹಾರಿಸಿದವನು ಪ್ರಾಣಭಯದ ಮಾತನ್ನು ನ್ಯಾಯಾಲಯಕ್ಕೆ ಹೇಗೆ ಒಪ್ಪಿಸಿಯಾನು?

ನಾಲ್ಕನೆಯ ದಿನ ಇಷ್ಟನ್ನೂ ಭಾವನವರಿಗೆ ಹೇಳಿದೆ. ಅವರು ಸೋಲಲಿಲ್ಲ. "ಶಿವಪುರದಲ್ಲಿ ಬರಿಗೈಯಲ್ಲಿ ನಿಂತರು ಅಂತ ನೀನು ಮೊದಲಿಂದ ಹೇಳ್ತೀಯೆ. ಅವರು ಸಾವಿರಾರು ಜನ ಇದ್ದರು. ನಾನು ಒಬ್ಬನೇ ಇದ್ದೆ" ಎಂದರು.

ಅವರ ಮಾತು ನಿಜ. 1938ರ ಏಪ್ರಿಲಿನಲ್ಲಿ ನಮ್ಮ ಮದ್ದೂರಿನ ಮಗ್ಗುಲ ಶಿವಪುರದಲ್ಲಿ ನಿಷೇಧಾಜ್ಞೆಯನ್ನು ಮುರಿದು ಬಾವುಟವೇರಿಸಿದವರಿಗೆ ಒಬ್ಬರ ತೋಳು ಇನ್ನೊಬ್ಬರಿಗೆ ತಾಗುತ್ತಿತ್ತು. ಕತ್ತಲ ದಾರಿಯಲ್ಲಿ ಒಂಟಿಯಾದವನಿಗೆ ಆ ಧೈರ್ಯವನ್ನು ಬೋಧಿಸುವುದು ಸುಲಭ. ಬೋಧಿಸುವವನು ಮನೆಯಲ್ಲಿ ಕುಳಿತಿರುತ್ತಾನೆ. ನಾನು ಮರುಮಾತಾಡದೆ ಅರ್ಜಿ ಬರೆದುಕೊಟ್ಟೆ.

ಅದನ್ನು ಮಡಿಸಿ ಜೇಬಿಗಿಡುವಾಗ ನನ್ನ ಅಕ್ಕ ಒಂದೇ ಪ್ರಶ್ನೆ ಕೇಳಿದಳು: "ತಂದು ಎಲ್ಲಿಡ್ತೀರಿ? ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಕಳ್ಳ ಬಂದಾಗ ನಿಮ್ಮ ಕೈಗೆ ಸಿಗೋದಿಲ್ಲ. ದಿಂಬಿನ ಕೆಳಗಿಟ್ಟರೆ ಮೊಮ್ಮಗನ ಕೈಗೆ ಸಿಗುತ್ತೆ."

ನಾನು ಓದಿದ ಯಾವ ಕಲಮೂ ಇಷ್ಟು ಚೊಕ್ಕವಾಗಿರಲಿಲ್ಲ. ಭಾವನವರು ಉತ್ತರ ಕೊಡಲಿಲ್ಲ.

ಈಗ ಅವರು ಮಂಡಿಗೆ ಹೋಗುವುದು ನೆರೆಯ ಇನ್ನಿಬ್ಬರು ಆಲೆಮನೆಯವರ ಜೊತೆಗೆ. ಹಣ ನೇರವಾಗಿ ಬ್ಯಾಂಕಿಗೆ ಹೋಗುತ್ತದೆ. ದಾರಿಯಲ್ಲಿ ಏನಾದರೂ ಆದರೆ 112ಕ್ಕೆ ಕರೆ ಮಾಡುವುದನ್ನು ಮೂವರೂ ಕಲಿತಿದ್ದಾರೆ. ನಿದ್ರೆ ಮರಳಿ ಬಂದಿದೆ, ಪೂರ್ತಿಯಾಗಿ ಅಲ್ಲ. ಅರ್ಜಿಯನ್ನು ಅವರು ಮಂಡ್ಯಕ್ಕೆ ಕೊಂಡೊಯ್ಯಲಿಲ್ಲ, ಹರಿದೂ ಹಾಕಿಲ್ಲ. ಅದು ಬೀರುವಿನಲ್ಲಿ ಬೀಗದೊಳಗಿದೆ.