ಹಿಪ್‌ಹಾಪ್ ಗೀತಗಳಲ್ಲಿ ‘ನಾನು’: ನಾಯಕತ್ವ ಮತ್ತು ಸಾಮಾಜಿಕ ನ್ಯಾಯ

೧

ಹಿಪ್‌ಹಾಪ್ ಎಂದು ಹೆಸರಾದ ಗೀತಸಂಪ್ರದಾಯವು ಅಮೆರಿಕದ ನ್ಯೂಯಾರ್ಕ್ ನಗರದ ಬಡಕೇರಿಗಳಲ್ಲಿ ೧೯೭೦ರ ದಶಕದಲ್ಲಿ ಹುಟ್ಟಿ, ಐವತ್ತು ವರ್ಷಗಳೊಳಗಾಗಿ ಲೋಕದಲ್ಲೆಲ್ಲ ಹರಡಿತು. ಇದರ ವಿಷಯದಲ್ಲಿ ಎರಡು ಪಕ್ಷಗಳುಂಟು. ಹಿಂಸೆ, ಧನಮದ, ಸ್ತ್ರೀನಿಂದೆ ಇವುಗಳ ಕೋಲಾಹಲವೇ ಹಿಪ್‌ಹಾಪ್ ಎಂಬುದು ಒಂದು ಪಕ್ಷ. ತುಳಿತಕ್ಕೊಳಗಾದ ಕರಿಯ ಜನರ ನ್ಯಾಯದ ವಾಣಿಯೇ ಅದು, ಅದರ ಕವಿಗಳು ಆ ಜನರ ನಾಯಕರು ಎಂಬುದು ಮತ್ತೊಂದು. ಎರಡಕ್ಕೂ ಬೇಕಾದಷ್ಟು ಉದಾಹರಣೆಗಳು ದೊರೆಯುತ್ತವೆ. ಆದುದರಿಂದ ಉದಾಹರಣೆಗಳನ್ನು ಎಣಿಸಿ ಈ ವಾದವನ್ನು ತೀರಿಸುವಂತಿಲ್ಲ. ಹಾಡಿನಲ್ಲಿ ‘ನಾನು’ ಎಂದು ಮಾತನಾಡುವವನು ಯಾರು ಎಂಬ ಪ್ರಶ್ನೆಯನ್ನು ಎರಡು ಪಕ್ಷದವರೂ ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ಈ ಗೀತಗಳ ನಾಯಕತ್ವವೂ ನ್ಯಾಯಸಂದೇಶವೂ ಆ ‘ನಾನು’ವನ್ನೇ ಆಶ್ರಯಿಸಿಕೊಂಡಿವೆ ಎಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಹಿಪ್‌ಹಾಪ್ ಎಂಬುದು ವ್ಯಾಪಕವಾದ ಹೆಸರು. ಧ್ವನಿಮುದ್ರಿಕೆಗಳನ್ನು ವಾದ್ಯದಂತೆ ನುಡಿಸುವುದು, ಲಯಬದ್ಧವಾಗಿ ಪದ್ಯವನ್ನು ನುಡಿಯುವುದು, ಒಂದು ವಿಶಿಷ್ಟ ರೀತಿಯ ನರ್ತನ, ಗೋಡೆಗಳ ಮೇಲಿನ ಅಕ್ಷರಚಿತ್ರ ಈ ನಾಲ್ಕೂ ಅದರ ಅಂಗಗಳು. ಎರಡನೆಯದಕ್ಕೆ ರ‍್ಯಾಪ್ ಎಂದು ಹೆಸರು. ಅದು ಪೂರ್ಣವಾಗಿ ಹಾಡೂ ಅಲ್ಲ, ಬರಿಯ ಮಾತೂ ಅಲ್ಲ. ತಾಳದ ಮೇಲೆ ಕುಳಿತ ಮಾತು. ನಮ್ಮ ಹಳಗನ್ನಡ ಪದ್ಯದಲ್ಲಿ ಪ್ರಾಸವು ಪಾದದ ಎರಡನೆಯ ಅಕ್ಷರದಲ್ಲಿ ನಿಲ್ಲುತ್ತದೆ. ರ‍್ಯಾಪಿನಲ್ಲಿ ಅದು ಪಾದಾಂತ್ಯದಲ್ಲಿ ನಿಂತು, ಕುಶಲನಾದ ಕವಿಯ ಕೈಯಲ್ಲಿ ಪಾದದ ಒಳಗೂ ಮತ್ತೆ ಮತ್ತೆ ಮರುದನಿಗೊಡುತ್ತದೆ. ಇಲ್ಲಿ ರಾಗದ ಆಸರೆ ಕಡಮೆಯಾದುದರಿಂದ ಮಾತಿಗೂ ಮಾತನಾಡುವವನಿಗೂ ಪ್ರಾಧಾನ್ಯ ಹೆಚ್ಚು. ಜೊತೆಗೆ, ಕವಿಯು ತನ್ನ ಬಿರುದಿನ ಹೆಸರನ್ನು ಹಾಡಿನೊಳಗೇ ಹೇಳಿಕೊಂಡು ತನ್ನನ್ನು ಹೊಗಳಿಕೊಳ್ಳುವುದು ಈ ಸಂಪ್ರದಾಯದ ಪದ್ಧತಿ. ಆ ಬಿರುದು ಹೆಚ್ಚಾಗಿ ರಂಗದ ಮೇಲಿನ ಹೆಸರೇ ಹೊರತು ಮನೆಯ ಹೆಸರಲ್ಲ. ಕವಿಯೇ ಮಾತನಾಡುತ್ತಿರುವನೆಂಬ ಭ್ರಮೆಯೂ, ಅವನು ವೇಷ ಧರಿಸಿರುವನೆಂಬ ಸೂಚನೆಯೂ ಹೀಗೆ ಒಂದೇ ಹೆಸರಿನಲ್ಲಿ ಅಡಗಿವೆ.

೨

ಈ ಸಂಪ್ರದಾಯದ ಹುಟ್ಟುನೆಲವಾದ ಬ್ರಾಂಕ್ಸ್ ಭಾಗದ ಸ್ಥಿತಿಯನ್ನು ಇಲ್ಲಿ ಸ್ವಲ್ಪ ತಿಳಿಯಬೇಕು. ರಾಬರ್ಟ್ ಮೋಸೆಸ್ ಎಂಬ ಪ್ರಭಾವಶಾಲಿಯಾದ ಅಧಿಕಾರಿಯ ಯೋಜನೆಯಂತೆ ೧೯೪೮ರಲ್ಲಿ ಮೊದಲಾದ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯು ಜನನಿಬಿಡವಾದ ಕೇರಿಗಳನ್ನು ಸೀಳಿಕೊಂಡು ಹೋಯಿತು. ಸಾವಿರಾರು ಜನರು ಮನೆಗಳನ್ನು ಬಿಡಬೇಕಾಯಿತು. ಉದ್ಯೋಗಗಳು ಕಡಮೆಯಾದುವು. ೧೯೭೦ರ ದಶಕದಲ್ಲಿ ಕಟ್ಟಡಗಳ ಸಾಲುಗಳೇ ಉರಿದುಹೋದುವು. ವಿಮೆಯ ಹಣಕ್ಕಾಗಿ ಒಡೆಯರೇ ಬೆಂಕಿಯಿಡಿಸಿದ ಪ್ರಸಂಗಗಳೂ ಉಂಟು. ತರುಣರು ಗುಂಪುಗಳನ್ನು ಕಟ್ಟಿಕೊಂಡು ಬೀದಿಬೀದಿಗೂ ಎಲ್ಲೆ ಹಾಕಿ ಹೊಡೆದಾಡುತ್ತಿದ್ದರು.

೧೯೭೧ರ ಡಿಸೆಂಬರಿನಲ್ಲಿ ‘ಘೆಟ್ಟೋ ಬ್ರದರ್ಸ್’ ಎಂಬ ಗುಂಪಿನವರು ಒಂದು ಜಗಳವನ್ನು ಬಿಡಿಸಲು ತಮ್ಮ ಶಾಂತಿದೂತನನ್ನು ಕಳುಹಿಸಿದರು. ಎದುರಾಳಿಗಳು ಅವನನ್ನು ಕೊಂದರು. ಆ ಗುಂಪಿನ ಮುಖಂಡರು ಸೇಡಿಗೆ ಹೊರಡದೆ, ಎಲ್ಲ ಗುಂಪುಗಳನ್ನೂ ಹೋ ಅವೆನ್ಯೂ ಎಂಬ ಸ್ಥಳಕ್ಕೆ ಕರೆಸಿ ಸಂಧಿ ಮಾಡಿಸಿದರು. ಆ ಸಂಧಿಯು ಹಗೆತನವನ್ನು ಪೂರ್ಣವಾಗಿ ಅಳಿಸಲಿಲ್ಲವಾದರೂ, ಒಂದು ಕೇರಿಯ ತರುಣರು ಮತ್ತೊಂದು ಕೇರಿಯ ಉತ್ಸವಕ್ಕೆ ಹೋಗಿಬರುವುದನ್ನು ಸುಲಭಗೊಳಿಸಿತು. ೧೯೭೩ರ ಆಗಸ್ಟ್ ೧೧ರಂದು ಸೆಜ್ವಿಕ್ ಅವೆನ್ಯೂವಿನ ೧೫೨೦ನೆಯ ಸಂಖ್ಯೆಯ ಕಟ್ಟಡದಲ್ಲಿ ಸಿಂಡಿ ಕ್ಯಾಂಬೆಲ್ ಎಂಬ ಹುಡುಗಿಯು ಶಾಲೆಯ ಬಟ್ಟೆಗಳಿಗೆ ಹಣ ಕೂಡಿಸಲೆಂದು ಒಂದು ನರ್ತನಕೂಟವನ್ನು ಏರ್ಪಡಿಸಿದಳು. ಅವಳ ಅಣ್ಣನೂ ಜಮೈಕಾ ದ್ವೀಪದಲ್ಲಿ ಹುಟ್ಟಿದವನೂ ಆದ ಕ್ಲೈವ್ ಕ್ಯಾಂಬೆಲ್, ಅಂದರೆ ಕೂಲ್ ಹರ್ಕ್, ಅಲ್ಲಿ ಸಂಗೀತವನ್ನು ನಡೆಸಿದನು. ಮುದ್ರಿಕೆಯಲ್ಲಿ ಗಾಯನ ನಿಂತು ತಾಳವಾದ್ಯ ಮಾತ್ರ ನುಡಿಯುವ ಭಾಗವನ್ನು, ಒಂದೇ ಮುದ್ರಿಕೆಯ ಎರಡು ಪ್ರತಿಗಳ ಸಹಾಯದಿಂದ ಲಂಬಿಸುವ ಕ್ರಮವು ಇವನಿಂದ ಪ್ರಸಿದ್ಧವಾಯಿತು. ಆ ಲಂಬಿಸಿದ ತಾಳವೇ ರ‍್ಯಾಪಿಗೆ ವೇದಿಕೆಯಾಯಿತು. ಅಲ್ಲಿ ಮೊದಲು ಕೇಳಿಬಂದುದು ಉಪದೇಶವಲ್ಲ. ನೆರೆದವರನ್ನು ಹೆಸರು ಹಿಡಿದು ಕರೆಯುವ, ಹುರಿದುಂಬಿಸುವ ಮಾತು. ಜನರ ನಡುವೆ ನಿಂತು ಜನರನ್ನು ಸೇರಿಸುವುದೇ ಇಲ್ಲಿಯ ಮೊದಲ ನಾಯಕತ್ವ.

೩

ಸಾಮಾಜಿಕ ಅನ್ಯಾಯವು ಈ ಗೀತಗಳ ಪ್ರಧಾನವಸ್ತುವಾಗಬಲ್ಲದೆಂದು ತೋರಿಸಿಕೊಟ್ಟುದು ೧೯೮೨ರ ‘ದಿ ಮೆಸೇಜ್’. ಇದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ಎಂಬ ತಂಡದ ಹೆಸರಿನಲ್ಲಿ ಬಂದಿತು. ಆದರೆ ಇದನ್ನು ಮುಖ್ಯವಾಗಿ ರಚಿಸಿದವನು ತಂಡದ ಹೊರಗಿನವನಾದ ಎಡ್ ಫ್ಲೆಚರ್. ತಂಡದವರ ಪೈಕಿ ಇದರಲ್ಲಿ ರ‍್ಯಾಪ್ ನುಡಿದವನು ಮೆಲ್ಲಿ ಮೆಲ್ ಒಬ್ಬನೇ. ಕುಣಿಯಲು ಬಂದವರು ಕಷ್ಟದ ಕಥೆಯನ್ನು ಕೇಳುವರೇ ಎಂದು ತಂಡದವರೇ ಮೊದಲು ಹಿಂಜರಿದರಂತೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಸಂಸ್ಥೆಯು ಸಂರಕ್ಷಣೆಗಾಗಿ ಆರಿಸಿದ ಧ್ವನಿಮುದ್ರಿಕೆಗಳ ೨೦೦೨ರ ಮೊದಲ ಪಟ್ಟಿಯಲ್ಲಿಯೇ ಇದಕ್ಕೆ ಸ್ಥಾನ ದೊರೆಯಿತು.

ಈ ಗೀತದ ಹೆಸರು ‘ಸಂದೇಶ’ ಎಂದಿದ್ದರೂ ಇದರಲ್ಲಿ ಉಪದೇಶವಾಕ್ಯವೆಂಬುದು ಬಹಳ ಕಡಮೆ. ಒಡೆದ ಗಾಜು, ದುರ್ಗಂಧ, ಇಲಿ, ಬಾಡಿಗೆಯ ಚಿಂತೆ ಇವುಗಳನ್ನು ಒಬ್ಬನು ತಾನು ಕಂಡಂತೆ ಹೇಳುತ್ತ, ತನ್ನ ತಾಳ್ಮೆ ತೀರುತ್ತ ಬಂದಿದೆಯೆಂದು ಎಚ್ಚರಿಸುತ್ತಾನೆ. ಕೊನೆಯ ಪದ್ಯಭಾಗವು ಒಂದು ಮಗುವಿನ ಹುಟ್ಟಿನಿಂದ ಮೊದಲಾಗಿ ಅವನು ಸೆರೆಮನೆಯಲ್ಲಿ ಸಾಯುವವರೆಗೂ ನಡೆಯುತ್ತದೆ. ಇಲ್ಲಿ ‘ನಾನು’ ಹೋಗಿ ‘ನೀನು’ ಬರುತ್ತದೆ. ಈ ಭಾಗವು ೧೯೭೯ರಲ್ಲಿ ಅದೇ ತಂಡದ ಇನ್ನೊಂದು ಗೀತದಲ್ಲಿ ಆಗಲೇ ಬಂದಿತ್ತು. ಅಲ್ಲಿ ಹಲವು ಪದ್ಯಗಳ ನಡುವೆ ಒಂದಾಗಿದ್ದ ಇದು, ಇಲ್ಲಿ ಇಡಿಯ ಕೇರಿಯ ವರ್ಣನೆಯಾದ ಮೇಲೆ ಬರುವುದರಿಂದ, ಕಾರಣದ ಹಿಂದೆ ಬರುವ ಕಾರ್ಯದಂತೆ ತೋರುತ್ತದೆ. ಮುದ್ರಿಕೆಯ ಅಂತ್ಯದಲ್ಲಿ ಬೀದಿಯಲ್ಲಿ ಹರಟುತ್ತ ನಿಂತ ತಂಡದವರನ್ನೇ ಪೊಲೀಸರು ಹಿಡಿದೊಯ್ಯುವ ಚಿಕ್ಕ ನಾಟಕವುಂಟು. ಕಥೆಯನ್ನು ಹೇಳಿದವನೂ ಕಥೆಯ ಹೊರಗೆ ಉಳಿಯಲಾರನೆಂಬುದೇ ಅದರ ತಾತ್ಪರ್ಯ. ಈ ರೀತಿಯ ವಕ್ತೃವನ್ನು ನಾವು ಸಾಕ್ಷಿ ಎಂದು ಕರೆಯಬಹುದು.

೪

ಸಾಕ್ಷಿಯ ರೀತಿಗೆ ಎದುರಾಗಿ ವಾಗ್ಮಿಯ ರೀತಿಯೊಂದುಂಟು. ಪಬ್ಲಿಕ್ ಎನಿಮಿ ಎಂಬ ತಂಡದ ಚಕ್ ಡಿ ಇದಕ್ಕೆ ಮುಖ್ಯ ನಿದರ್ಶನ. ಸ್ಪೈಕ್ ಲೀಯ ‘ಡು ದಿ ರೈಟ್ ಥಿಂಗ್’ ಎಂಬ ಚಲನಚಿತ್ರಕ್ಕಾಗಿ ಈ ತಂಡವು ೧೯೮೯ರಲ್ಲಿ ‘ಫೈಟ್ ದಿ ಪವರ್’ ಎಂಬ ಗೀತವನ್ನು ರಚಿಸಿತು. ಅಲ್ಲಿ ಮಾತನಾಡುವವನು ಸಭೆಯ ಮುಂದೆ ನಿಂತವನು. ದೇಶವು ಯಾರನ್ನು ವೀರರೆಂದು ಪೂಜಿಸುತ್ತದೆ, ಯಾರನ್ನು ಮರೆಯುತ್ತದೆ ಎಂದು ಕೇಳುವವನು. ಈ ರೀತಿಯ ಓಜಸ್ಸು ದೊಡ್ಡದು. ಅದಕ್ಕೆ ತಕ್ಕಂತೆ ಅದರ ಅಪಾಯವೂ ದೊಡ್ಡದು. ಅದೇ ವರ್ಷ ತಂಡದ ಸದಸ್ಯನಾದ ಪ್ರೊಫೆಸರ್ ಗ್ರಿಫ್ ಎಂಬವನು ಪತ್ರಿಕಾಸಂದರ್ಶನದಲ್ಲಿ ಯೆಹೂದ್ಯರನ್ನು ನಿಂದಿಸಿದುದರಿಂದ ದೊಡ್ಡ ವಿವಾದವೆದ್ದು, ಅವನನ್ನು ತಂಡದಿಂದ ಬಿಡಿಸಬೇಕಾಯಿತು. ಒಂದು ಜನಾಂಗದ ಪರವಾಗಿ ಮಾತನಾಡುವ ಅಧಿಕಾರವನ್ನು ಪಡೆದವರ ನಾಲಗೆಯು ಮತ್ತೊಂದು ಜನಾಂಗಕ್ಕೆ ಅನ್ಯಾಯಮಾಡಿದರೆ, ಆ ಅಧಿಕಾರವೇ ಅಲುಗಾಡುತ್ತದೆ.

ವಾಗ್ಮಿತೆಯು ಸಂಘಟಿತ ಕಾರ್ಯವಾದುದಕ್ಕೂ ನಿದರ್ಶನವಿದೆ. ಬೂಗೀ ಡೌನ್ ಪ್ರೊಡಕ್ಷನ್ಸ್ ಎಂಬ ತಂಡದ ಸ್ಕಾಟ್ ಲ ರಾಕ್ ೧೯೮೭ರಲ್ಲಿ ಒಂದು ಜಗಳವನ್ನು ಶಮನಗೊಳಿಸಲು ಹೋಗಿ ಗುಂಡಿಗೆ ಬಲಿಯಾದನು. ಅವನ ಜೊತೆಗಾರನಾದ ಕೆ.ಆರ್.ಎಸ್.-ವನ್ ‘ಹಿಂಸೆಯನ್ನು ನಿಲ್ಲಿಸಿರಿ’ ಎಂಬ ಚಳವಳಿಯನ್ನು ಹೂಡಿದನು. ೧೯೮೯ರಲ್ಲಿ ಹಲವು ಕವಿಗಳು ಕೂಡಿ ನುಡಿದ ‘ಸೆಲ್ಫ್ ಡಿಸ್ಟ್ರಕ್ಷನ್’ ಎಂಬ ಮುದ್ರಿಕೆಯ ಆದಾಯವು ನ್ಯಾಷನಲ್ ಅರ್ಬನ್ ಲೀಗ್ ಸಂಸ್ಥೆಗೆ ಸಂದಿತು.

ನ್ಯಾಯವನ್ನು ಹೊರಗಿನವರಿಂದ ಕೇಳುವವರು ಒಳಗಿನ ಅನ್ಯಾಯವನ್ನೂ ಕಾಣಬೇಕಲ್ಲವೆ? ಕ್ವೀನ್ ಲತೀಫಾಳ ೧೯೯೩ರ ‘ಯೂನಿಟಿ’ ಎಂಬ ಗೀತವು ಈ ಪ್ರಶ್ನೆಯನ್ನೆತ್ತಿತು. ಅದರ ಮೂರು ಪದ್ಯಭಾಗಗಳಲ್ಲಿ ಸನ್ನಿವೇಶವು ಬದಲಾಗುತ್ತ ಹೋಗುತ್ತದೆ: ಬೀದಿಯಲ್ಲಿ ಮೈಮುಟ್ಟಿದವನನ್ನು ಎದುರಿಸುವ ಹೆಣ್ಣು; ಹೊಡೆಯುವ ಗಂಡಸನ್ನು ಬಿಟ್ಟುಬರುವ ಹೆಣ್ಣು; ಪುಂಡರನ್ನು ಅನುಕರಿಸಹೊರಟ ಹುಡುಗಿಗೆ ಬುದ್ಧಿಹೇಳುವ ಹೆಣ್ಣು. ಈ ಮೂವರೂ ಒಬ್ಬಳೇ ಆಗಿರಬೇಕೆಂದು ಯಾರೂ ಕೇಳುವುದಿಲ್ಲ. ಹಲವರ ಅನುಭವಕ್ಕೆ ಒಂದು ‘ನಾನು’ ಕೊಡುವುದೇ ಇಲ್ಲಿ ಕವಿಯ ನಾಯಕತ್ವ. ೧೯೯೫ರಲ್ಲಿ ಈ ಗೀತಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂದಿತು.

೫

ಕೆಂಡ್ರಿಕ್ ಲಾಮಾರನಲ್ಲಿ ಈ ರೀತಿಗಳು ಒಂದುಗೂಡಿವೆ. ಕ್ಯಾಲಿಫೋರ್ನಿಯದ ಕಾಂಪ್ಟನ್ ಊರಿನವನಾದ ಇವನ ೨೦೧೫ರ ‘ದಿ ಬ್ಲ್ಯಾಕರ್ ದಿ ಬೆರಿ’ ಎಂಬ ಗೀತದಲ್ಲಿ ವಕ್ತೃವು ಜನಾಂಗದ್ವೇಷದ ಮೇಲೆ ಉಗ್ರವಾಗಿ ಎರಗುತ್ತಾನೆ. ಆದರೆ ಮೊದಲಿನಿಂದಲೂ ತನ್ನನ್ನು ಕಪಟಿಯೆಂದು ಕರೆದುಕೊಳ್ಳುತ್ತಾನೆ. ಕಾರಣವು ಕೊನೆಯಲ್ಲಿ ತಿಳಿಯುತ್ತದೆ: ಅನ್ಯರ ಕೈಯಿಂದ ಸತ್ತ ಕರಿಯ ತರುಣನಿಗಾಗಿ ಅತ್ತವನೇ ಗುಂಪುಗಳ ಹಗೆಯಲ್ಲಿ ತನ್ನವನೊಬ್ಬನನ್ನು ಕೊಂದವನು. ಎರಡು ಬಗೆಯ ಕೊಲೆಗಳನ್ನು ಹೀಗೆ ಒಂದೇ ತಕ್ಕಡಿಯಲ್ಲಿಟ್ಟುದು ಸರಿಯಲ್ಲವೆಂದು ಆಕ್ಷೇಪಿಸಿದವರುಂಟು. ಆ ಆಕ್ಷೇಪವು ಯೋಚಿಸತಕ್ಕದ್ದೇ. ಆದರೆ ಆರೋಪಿಸುವವನು ತನ್ನನ್ನೂ ಆರೋಪಿಯನ್ನಾಗಿ ಮಾಡಿಕೊಂಡಾಗ ಮಾತಿಗೆ ಬರುವ ತೂಕವನ್ನು ಅಲ್ಲಗಳೆಯುವಂತಿಲ್ಲ.

ಅದೇ ವರ್ಷದ ‘ಆಲ್‌ರೈಟ್’ ಎಂಬ ಗೀತದಲ್ಲಿ ಪದ್ಯಭಾಗಗಳೆಲ್ಲ ‘ನಾನು’ವಿನ ಸಂಕಟ, ಪ್ರಲೋಭನೆಗಳನ್ನು ಹೇಳುತ್ತವೆ, ಪಲ್ಲವಿಯು ಮಾತ್ರ ಬಹುವಚನದಲ್ಲಿದೆ. ೨೦೧೫ರ ಜುಲೈ ತಿಂಗಳಲ್ಲಿ ಕ್ಲೀವ್‌ಲೆಂಡ್ ನಗರದಲ್ಲಿ ಪೊಲೀಸರ ಎದುರಿಗೆ ನಿಂತ ಕರಿಯ ಜನರು ಆ ಪಲ್ಲವಿಯನ್ನು ಒಟ್ಟಾಗಿ ಕೂಗಿದರು. ಅವರಿಗೆ ಬೇಕಾಗಿದ್ದುದು ಆ ಬಹುವಚನ. ಇದೇ ಕವಿಯ ೨೦೧೭ರ ‘ಡ್ಯಾಮ್’ ಎಂಬ ಗೀತಸಂಪುಟಕ್ಕೆ ೨೦೧೮ರಲ್ಲಿ ಪುಲಿಟ್ಜರ್ ಸಂಗೀತ ಪ್ರಶಸ್ತಿ ದೊರೆಯಿತು. ಶಾಸ್ತ್ರೀಯ ಸಂಗೀತ, ಜಾಸ್ ಇವೆರಡರ ಹೊರಗಿನ ಕೃತಿಗೆ ಅದು ಸಂದುದು ಅದೇ ಮೊದಲು.

೬

ವಕ್ತೃವಿಚಾರವು ಪಂಡಿತರ ವಿನೋದಕ್ಕೆ ಮಾತ್ರ ಸೇರಿದುದಲ್ಲ. ಅಮೆರಿಕದ ನ್ಯಾಯಾಲಯಗಳಲ್ಲಿ ಆರೋಪಿಗಳು ಬರೆದ ರ‍್ಯಾಪ್ ಪದ್ಯಗಳನ್ನೇ ಅವರ ಅಪರಾಧಕ್ಕೆ ಸಾಕ್ಷ್ಯವೆಂದು ಓದಿದ ಮೊಕದ್ದಮೆಗಳು ಹಲವು ನಡೆದಿವೆ. ೨೦೧೪ರಲ್ಲಿ ನ್ಯೂಜೆರ್ಸಿಯ ಪರಮೋಚ್ಚ ನ್ಯಾಯಾಲಯವು ಇಂಥ ಒಂದು ಮೊಕದ್ದಮೆಯಲ್ಲಿ, ಅಪರಾಧದೊಡನೆ ಬಲವಾದ ಸಂಬಂಧವಿಲ್ಲದ ಪದ್ಯಗಳನ್ನು ಸಾಕ್ಷ್ಯವಾಗಿ ತೆಗೆದುಕೊಂಡುದು ತಪ್ಪೆಂದು ತೀರ್ಪಿತ್ತಿತು. ತನ್ನ ಹಾಡಿನಲ್ಲಿ ಅಧಿಕಾರಿಯನ್ನು ಕೊಂದೆನೆಂದ ಬಾಬ್ ಮಾರ್ಲಿಯನ್ನಾಗಲಿ, ಕೊಲೆಯ ಕಥೆಯನ್ನು ಬರೆದ ಎಡ್ಗರ್ ಆಲನ್ ಪೋನನ್ನಾಗಲಿ ಯಾರೂ ಕೊಲೆಗಾರರೆಂದು ಭಾವಿಸುವುದಿಲ್ಲವೆಂಬ ವಾದವೂ ಅಲ್ಲಿ ಬಂದಿದೆ. ೨೦೨೨ರಲ್ಲಿ ಕ್ಯಾಲಿಫೋರ್ನಿಯ ಸಂಸ್ಥಾನವು, ಇಂಥ ಕೃತಿಗಳನ್ನು ಸಾಕ್ಷ್ಯವಾಗಿ ಸ್ವೀಕರಿಸುವ ಮುನ್ನ ಅವುಗಳಿಂದ ಹುಟ್ಟಬಹುದಾದ ಪೂರ್ವಗ್ರಹವನ್ನು ನ್ಯಾಯಾಧೀಶರು ತೂಗಿನೋಡಬೇಕೆಂದು ಶಾಸನ ಮಾಡಿತು. ಸಾಕ್ಷಿ ಹೇಳಬಂದವನನ್ನೇ ಕಟಕಟೆಯಲ್ಲಿ ನಿಲ್ಲಿಸುವ ಓದು ಎಷ್ಟು ಕ್ರೂರವಾಗಬಹುದೆಂಬುದನ್ನು ಇವು ತೋರಿಸುತ್ತವೆ.

ನಮ್ಮ ಆಲಂಕಾರಿಕರು ಆನಂದವರ್ಧನನಿಂದ ಮೊದಲ್ಗೊಂಡು ಕವಿಯ ಪ್ರೌಢೋಕ್ತಿಯನ್ನೂ ಕವಿನಿಬದ್ಧನಾದ ವಕ್ತೃವಿನ ಪ್ರೌಢೋಕ್ತಿಯನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಈ ವಿವೇಕವೇ ಇಲ್ಲಿಯೂ ಬೇಕಾದುದು. ಆದರೆ ಇದನ್ನು ಸರ್ವಾಪರಾಧಕ್ಷಮೆಯೆಂದು ತಿಳಿಯಬಾರದು. ಕರಿಯ ಜನರ ಹಕ್ಕಿನ ಹೋರಾಟದಲ್ಲಿ ನಡೆದುಬಂದ ಸಿ. ಡೆಲೋರಿಸ್ ಟಕ್ಕರ್ ಎಂಬ ಮಹಿಳೆಯೇ ೧೯೯೦ರ ದಶಕದಲ್ಲಿ ಸ್ತ್ರೀನಿಂದೆಯ, ಹಿಂಸೆಯ ರ‍್ಯಾಪಿನ ಮೇಲೆ ಪ್ರಬಲವಾದ ಚಳವಳಿಯನ್ನು ನಡೆಸಿದಳು. ಮಾತು ಪಾತ್ರದ್ದಾದರೂ ಅದನ್ನು ಮಾರುಕಟ್ಟೆಗೆ ತಂದವರ ಹೊಣೆ ಉಳಿದೇ ಇರುತ್ತದೆ. ಆದಕಾರಣ ಔಚಿತ್ಯದ ಪ್ರಶ್ನೆಯನ್ನು ಬಿಡುವಂತಿಲ್ಲ. ಅದನ್ನು ಸರಿಯಾದ ಸ್ಥಾನದಲ್ಲಿ ಕೇಳಬೇಕು. ‘ಈ ಕವಿ ಇದನ್ನು ಮಾಡಿದನೆ?’ ಎಂಬುದಕ್ಕೆ ಬದಲಾಗಿ, ‘ಇಂಥವನನ್ನು ಮಾತನಾಡಿಸಿ ಕೃತಿಯು ನಮ್ಮನ್ನು ಏನನ್ನು ಕಾಣುವಂತೆ ಮಾಡಿತು? ಅವನ ಮಾತಿನಿಂದ ಯಾರಿಗೆ ಗೌರವ ಬಂದಿತು, ಯಾರಿಗೆ ಹಾನಿಯಾಯಿತು?’ ಎಂದು ಕೇಳಬೇಕು.

ತರಗತಿಯಲ್ಲಿ ಈ ಗೀತಗಳನ್ನು ಪರಿಚಯಮಾಡಿಕೊಡುವ ಉಪಾಧ್ಯಾಯರು ‘ದಿ ಮೆಸೇಜ್’ನಿಂದಲೇ ಮೊದಲುಮಾಡಬಹುದು. ಅದರಲ್ಲಿ ‘ನಾನು’ ಎಲ್ಲಿ ‘ನೀನು’ ಆಗುತ್ತದೆ, ಏಕೆ ಆಗುತ್ತದೆ ಎಂಬುದನ್ನು ವಿದ್ಯಾರ್ಥಿಗಳೇ ಕಂಡುಕೊಂಡ ಬಳಿಕ, ಅದು ಯಾವ ಅನ್ಯಾಯವನ್ನು ಕುರಿತು ಹೇಳುತ್ತದೆಂಬುದನ್ನು ಅವರಿಗೆ ಬೇರೆಯಾಗಿ ವಿವರಿಸಬೇಕಾದ ಅಗತ್ಯವಿರಲಾರದು.