ಡ್ರಿಲ್ ಬೇಕಾ, ಇಂಪ್ಯಾಕ್ಟ್ ಡ್ರೈವರ್ ಬೇಕಾ? ನಿಮ್ಮ ತೋಟದ ಕೆಲಸವನ್ನೇ ಕೇಳಿ

ಮುಂಗಾರು ಹಿಡಿಯೋ ಮುಂಚೆ ತೋಟದಲ್ಲಿ ಬೆಳೆಯ ಕೆಲಸಕ್ಕಿಂತ ಕಟ್ಟೋ, ಬಿಗಿಯೋ ಕೆಲಸವೇ ಜಾಸ್ತಿ. ಕೊಟ್ಟಿಗೆಯ ಶೀಟು ಗಾಳಿಗೆ ಪಟಪಟ ಅನ್ನುತ್ತಿರುತ್ತೆ. ನೆರಳು ಪರದೆಯ ಪೈಪು ಅಲ್ಲಾಡುತ್ತಿರುತ್ತೆ. ಎರೆಗೊಬ್ಬರದ ತೊಟ್ಟಿಗೆ ಮಾಡು ಹಾಕಬೇಕು, ಗೇಟಿನ ಹಿಂಜು ಕಿತ್ತು ಬಂದಿರುತ್ತೆ. ಇಂಥ ಅರ್ಧ ದಿನದ ಕೆಲಸಕ್ಕೆ ವೆಲ್ಡಿಂಗ್‌ನವರಾಗಲಿ, ಬಡಗಿಯಾಗಲಿ ಸುಲಭಕ್ಕೆ ಸಿಗಲ್ಲ. ಬಂದರೂ ತೋಟದಲ್ಲಿ ಕರೆಂಟ್ ಇರಬೇಕಲ್ಲ! ಹಾಗಾಗಿ ಈಗ ಬಹಳ ರೈತರು ಬ್ಯಾಟರಿ ಮೆಷಿನ್ ಕೊಳ್ಳೋ ಯೋಚನೆಯಲ್ಲಿದ್ದಾರೆ.

ಅಂಗಡಿಗೆ ಹೋದರೆ ಅಲ್ಲಿ ನೋಡೋಕೆ ಅಣ್ಣ ತಮ್ಮಂದಿರ ಹಾಗಿರೋ ಎರಡು ಮೆಷಿನ್ ಇಡ್ತಾರೆ. ಒಂದು ಡ್ರಿಲ್, ಇನ್ನೊಂದು ಇಂಪ್ಯಾಕ್ಟ್ ಡ್ರೈವರ್. "ಎರಡೂ ಒಂದೇ ಸರ್, ಇದಕ್ಕೆ ಪವರ್ ಜಾಸ್ತಿ" ಅನ್ನೋ ಮಾತು ಕೇಳಿ ಕೊಂಡರೆ ದುಡ್ಡೂ ಹೋಗುತ್ತೆ, ಕೆಲಸವೂ ನಿಲ್ಲುತ್ತೆ. ಎರಡೂ ಒಂದೇ ಅಲ್ಲ. ಒಂದು ಮುಖ್ಯವಾಗಿ ತೂತು ಕೊರೆಯೋಕೆ, ಇನ್ನೊಂದು ಸ್ಕ್ರೂ ಬಿಗಿಯೋಕೆ. ನಿಮ್ಮ ತೋಟದಲ್ಲಿ ಯಾವ ಕೆಲಸ ಹೆಚ್ಚು ಅನ್ನೋದರ ಮೇಲೆ ಆಯ್ಕೆ ನಿಂತಿದೆ.

ಮೊದಲು ಹೆಸರಿನ ಗೊಂದಲ ಬಗೆಹರಿಸೋಣ

ನಮ್ಮ ಕಡೆ ಹಾರ್ಡ್‌ವೇರ್ ಅಂಗಡಿಗಳಲ್ಲಿ "ಇಂಪ್ಯಾಕ್ಟ್" ಅಂದ್ರೆ ಗೋಡೆ ಕೊರೆಯೋ ಡ್ರಿಲ್ ತೆಗೆದುಕೊಡೋದೇ ಹೆಚ್ಚು. ಅದರ ಪೂರ್ತಿ ಹೆಸರು ಇಂಪ್ಯಾಕ್ಟ್ ಡ್ರಿಲ್, ಅಂದ್ರೆ ಹ್ಯಾಮರ್ ಡ್ರಿಲ್. ಅದು ತಿರುಗುತ್ತಾ ಮುಂದಕ್ಕೆ ಗುದ್ದುತ್ತೆ. ಇಂಪ್ಯಾಕ್ಟ್ ಡ್ರೈವರ್ ಬೇರೆ, ಅದು ತಿರುಗೋ ದಿಕ್ಕಿಗೇ ಪೆಟ್ಟು ಕೊಡುತ್ತೆ. ಇದರಿಂದ ಗೋಡೆ ಕೊರೆಯೋಕೆ ಆಗಲ್ಲ.

ಡಬ್ಬದ ಮೇಲಿನ ಅಕ್ಷರ ನೋಡಿದರೆ ಮೋಸ ಹೋಗಲ್ಲ. ಬಾಷ್ ನೀಲಿ ಮೆಷಿನ್‌ಗಳಲ್ಲಿ ಜಿಎಸ್‌ಆರ್ ಅಂದ್ರೆ ಸಾದಾ ಡ್ರಿಲ್, ಜಿಎಸ್‌ಬಿ ಅಂದ್ರೆ ಹ್ಯಾಮರ್ ಇರೋ ಡ್ರಿಲ್, ಜಿಡಿಆರ್ ಅಂದ್ರೆ ಇಂಪ್ಯಾಕ್ಟ್ ಡ್ರೈವರ್. ಮಕಿಟಾದಲ್ಲಿ ಡಿಡಿಎಫ್ ಸಾದಾ ಡ್ರಿಲ್, ಡಿಎಚ್‌ಪಿ ಹ್ಯಾಮರ್ ಡ್ರಿಲ್, ಡಿಟಿಡಿ ಇಂಪ್ಯಾಕ್ಟ್ ಡ್ರೈವರ್. ಯಾವ ಕಂಪನಿಯದ್ದೇ ಆಗಲಿ, ಮೆಷಿನ್ನಿನ ಮೂತಿ ನೋಡಿದರೂ ಗೊತ್ತಾಗುತ್ತೆ. ಮೂರು ಹಲ್ಲಿನ, ಕೈಯಲ್ಲಿ ತಿರುಗಿಸಿ ಬಿಗಿಯೋ ಚಕ್ ಇದ್ದು ಅದರ ಹಿಂದೆ ಅಂಕಿ ಬರೆದ ಬಳೆ ಇದ್ದರೆ ಡ್ರಿಲ್. ಮೂತಿ ಗಿಡ್ಡ, ಬಿಟ್ ಸಿಕ್ಕಿಸೋಕೆ ಆರು ಮೂಲೆಯ ಕಾಲಿಂಚಿನ ಕುಳಿ ಇದ್ದರೆ ಇಂಪ್ಯಾಕ್ಟ್ ಡ್ರೈವರ್.

ಒಳಗೆ ನಡೆಯೋದೇನು?

ಡ್ರಿಲ್‌ನಲ್ಲಿ ಮೋಟಾರು ಗೇರಿನ ಮೂಲಕ ಚಕ್ಕನ್ನು ಒಂದೇ ಸಮ ತಿರುಗಿಸುತ್ತೆ. ಅಂಕಿ ಇರೋ ಬಳೆಯೇ ಕ್ಲಚ್. ನೀವು ಇಟ್ಟ ಮಟ್ಟಕ್ಕೆ ಬಿಗಿ ಬಂದ ಕೂಡಲೇ "ಕಟಕಟ" ಅಂತ ಕೈಬಿಡುತ್ತೆ. ಎಷ್ಟು ಬಿಗಿ ಬೇಕೋ ಅಷ್ಟಕ್ಕೇ ನಿಲ್ಲಿಸೋಕೆ ಇದೇ ದಾರಿ. ಹೆಚ್ಚಿನವುಗಳಲ್ಲಿ ಎರಡು ಗೇರ್ ಇರುತ್ತೆ: 1 ನಿಧಾನ, ಬಲ ಜಾಸ್ತಿ, 2 ವೇಗ, ಬಲ ಕಡಿಮೆ.

ಇಂಪ್ಯಾಕ್ಟ್ ಡ್ರೈವರ್‌ನ ಒಳಗೆ ಒಂದು ಸ್ಪ್ರಿಂಗು, ಒಂದು ಸುತ್ತಿಗೆ, ಒಂದು ಅಡಿಗಲ್ಲು ಇದ್ದ ಹಾಗೆ. ಸ್ಕ್ರೂ ಸಲೀಸಾಗಿ ಇಳಿಯೋವರೆಗೆ ಅದೂ ಡ್ರಿಲ್ಲಿನ ಹಾಗೇ ತಿರುಗುತ್ತೆ. ಸ್ಕ್ರೂ ಬಿಗಿಯಾಗ್ತಿದ್ದ ಹಾಗೆ ಸುತ್ತಿಗೆ ಹಿಂದೆ ಸರಿದು, ಸ್ಪ್ರಿಂಗ್ ಒತ್ತಿ, ಜಾರಿ ಬಂದು ಅಡಿಗಲ್ಲಿಗೆ ಹೊಡೆಯುತ್ತೆ. ನಿಮಿಷಕ್ಕೆ 3000 ಪೆಟ್ಟು ಸಾಮಾನ್ಯ. 18 ವೋಲ್ಟಿನ ಡ್ರಿಲ್ ಸುಮಾರು 50-60 ನ್ಯೂಟನ್ ಮೀಟರ್ ತಿರುಚು ಬಲ ಕೊಟ್ಟರೆ, ಅದೇ ಬ್ಯಾಟರಿಯ ಇಂಪ್ಯಾಕ್ಟ್ ಡ್ರೈವರ್ 150ರ ಮೇಲೆ ಕೊಡುತ್ತೆ.

ಇಷ್ಟು ಬಲ ಇದ್ದರೂ ನಿಮ್ಮ ಕೈ ತಿರುಚಲ್ಲ ಅನ್ನೋದು ಇದರ ದೊಡ್ಡ ಗುಣ. ಬಲ ಚೂರುಚೂರು ಪೆಟ್ಟಾಗಿ ಬರೋದರಿಂದ ಅದರ ಎದುರೇಟು ಮಣಿಕಟ್ಟಿಗೆ ಅಷ್ಟು ತಾಗಲ್ಲ. ಡ್ರಿಲ್ ಹಾಗಲ್ಲ. ಬಿಟ್ ಕಬ್ಬಿಣದಲ್ಲೋ ಗಂಟಿನಲ್ಲೋ ಸಿಕ್ಕಿಕೊಂಡರೆ ಮೆಷಿನ್ನೇ ಗಿರಕ್ಕನೆ ತಿರುಗುತ್ತೆ. ಏಣಿ ಮೇಲೆ ಒಂದು ಕೈಯಲ್ಲಿ ಪೈಪು, ಇನ್ನೊಂದು ಕೈಯಲ್ಲಿ ಮೆಷಿನ್ ಹಿಡಿದವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಯಾವ ಕೆಲಸಕ್ಕೆ ಯಾವುದು?

*ನೆರಳು ಪರದೆ, ಪಾಲಿಹೌಸ್:* ಜಿಐ ಪೈಪಿಗೆ ಅಲ್ಯೂಮಿನಿಯಂ ಪಟ್ಟಿ ಕೂರಿಸೋದು, ಕ್ಲ್ಯಾಂಪು ಬಿಗಿಯೋದು ಎಲ್ಲಾ ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ ಕೆಲಸ. ಒಂದೆರಡಲ್ಲ, ನೂರಾರು ಸ್ಕ್ರೂ. ಇಲ್ಲಿ ಇಂಪ್ಯಾಕ್ಟ್ ಡ್ರೈವರೇ ರಾಜ. ಸ್ಕ್ರೂ ತುದಿ ಪೈಪನ್ನು ಕೊರೆಯೋವರೆಗೆ ಟ್ರಿಗರ್ ಪೂರ್ತಿ ಒತ್ತಬೇಡಿ. ವೇಗ ಜಾಸ್ತಿಯಾದರೆ ತುದಿ ಸುಟ್ಟು ಮೊಂಡಾಗುತ್ತೆ, ಆಮೇಲೆ ಎಷ್ಟು ಒತ್ತಿದರೂ ಇಳಿಯಲ್ಲ.

*ಛಾವಣಿ ಶೀಟು:* ಇಲ್ಲಿ ಎಚ್ಚರ ಬೇಕು. ಶೀಟಿನ ಸ್ಕ್ರೂಗೆ ರಬ್ಬರ್ ವಾಷರ್ ಇರುತ್ತಲ್ಲ, ಅದು ಲೋಹದ ಬಿಲ್ಲೆಯ ಅಂಚಿಗೆ ಸಮನಾಗಿ ಕೂತರೆ ಸಾಕು. ಇಂಪ್ಯಾಕ್ಟ್ ಡ್ರೈವರ್‌ಗೆ ಡ್ರಿಲ್ಲಿನ ಹಾಗೆ ಕ್ಲಚ್ ಇಲ್ಲ, ಒಂದು ಕ್ಷಣ ಹೆಚ್ಚು ಒತ್ತಿದರೆ ರಬ್ಬರ್ ಪಿಚಕ್ಕಾಗಿ ಹೊರಗೆ ಬರುತ್ತೆ. ಆವತ್ತು ಏನೂ ಗೊತ್ತಾಗಲ್ಲ. ಒಂದೆರಡು ಬೇಸಿಗೆ ಕಳೆದು ರಬ್ಬರ್ ಬಿರಿದ ಮೇಲೆ ಹನಿ ಬೀಳೋದು ಒಣಗಿಸಿಟ್ಟ ಅಡಿಕೆ ಮೇಲೆ, ಇಲ್ಲವೇ ಈರುಳ್ಳಿ ಮೇಲೆ. ಬೂಷ್ಟು ಹಿಡಿದ ಮಾಲಿಗೆ ಯಾರು ದರ ಕೊಡ್ತಾರೆ? ಎರಡೂ ಮೆಷಿನ್ ಇದ್ದರೆ ಡ್ರೈವರ್‌ನಿಂದ ಮುಕ್ಕಾಲು ಇಳಿಸಿ, ಕೊನೆಯ ಬಿಗಿಯನ್ನು ಡ್ರಿಲ್ಲಿನ ಕ್ಲಚ್ ಇಟ್ಟು ಮುಗಿಸಿ. ಪಾರದರ್ಶಕ ಪಾಲಿಕಾರ್ಬೊನೇಟ್ ಶೀಟಿಗಂತೂ ಮೊದಲು ಡ್ರಿಲ್ಲಿನಲ್ಲಿ ಸ್ಕ್ರೂಗಿಂತ ತುಸು ದೊಡ್ಡ ತೂತು ಮಾಡಬೇಕು. ಬಿಸಿಲಿಗೆ ಅದು ಹಿಗ್ಗಿ ಕುಗ್ಗೋಕೆ ಜಾಗ ಸಿಗದಿದ್ದರೆ ಸೀಳು ಬಿಡುತ್ತೆ.

*ಡ್ರಿಪ್ ಪೈಪು:* ಪಿವಿಸಿ ಸಬ್‌ಮೈನಿಗೆ ಗ್ರೋಮೆಟ್ ಕೂರಿಸೋ ತೂತು ದುಂಡಗೆ, ಅಂಚು ನಯವಾಗಿರಬೇಕು. ಇದು ಡ್ರಿಲ್ ಕೆಲಸ, ನಿಧಾನಕ್ಕೆ. ಪೆಟ್ಟು ಬಿದ್ದರೆ ಹಳೇ ಪಿವಿಸಿ ಬಿರುಕು ಬಿಡಬಹುದು, ತೂತು ಸೊಟ್ಟಗಾದರೆ ಗ್ರೋಮೆಟ್ ಸುತ್ತ ನೀರು ಜಿನುಗುತ್ತೆ. ತೂತು ಕೊರೆದ ಮೇಲೆ ಒಳಗೆ ಬಿದ್ದ ಪ್ಲಾಸ್ಟಿಕ್ ಪುಡಿಯನ್ನು ಪೈಪಿನ ತುದಿ ಬಿಚ್ಚಿ ನೀರು ಬಿಟ್ಟು ತೊಳೆಯಿರಿ. ಇಲ್ಲದಿದ್ದರೆ ಅದೇ ಪುಡಿ ಡ್ರಿಪ್ಪರ್ ಕಟ್ಟುತ್ತೆ.

*ಬಿದಿರು, ಅಡಿಕೆ ದಬ್ಬೆ:* ಎರಡೂ ಉದ್ದಕ್ಕೆ ಸೀಳೋ ಜಾತಿ. ನೇರ ಸ್ಕ್ರೂ ಹೊಡೆದರೆ ಯಾವ ಮೆಷಿನ್ನಿನಲ್ಲೂ ಸೀಳುತ್ತೆ. ಮೊದಲು ಡ್ರಿಲ್ಲಿನಲ್ಲಿ ಸಣ್ಣ ತೂತು, ಆಮೇಲೆ ಸ್ಕ್ರೂ. ಜೇನುಪೆಟ್ಟಿಗೆಯಂಥ ತೆಳು ಹಲಗೆಗೂ ಇದೇ ಕ್ರಮ, ಕ್ಲಚ್ ಕಡಿಮೆ ಅಂಕಿಗೆ ಇಟ್ಟು.

*ಗೇಟು, ಜಾಲಿ ಕಂಬ, ಗಟ್ಟಿ ಮರ:* ಡ್ರಿಲ್ಲಿನಲ್ಲಿ ದಾರಿ ಮಾಡಿ, ಇಂಪ್ಯಾಕ್ಟ್ ಡ್ರೈವರ್‌ನಲ್ಲಿ ಉದ್ದ ಸ್ಕ್ರೂ ಇಳಿಸಿ. ತುಕ್ಕು ಹಿಡಿದ ಹಳೇ ಸ್ಕ್ರೂ ಬಿಚ್ಚೋಕೂ ಡ್ರೈವರೇ ಒಳ್ಳೇದು. ಪೆಟ್ಟಿಗೆ ತುಕ್ಕು ಸಡಿಲವಾಗುತ್ತೆ, ತಲೆಯ ಗೀರು ಸವೆಯೋದೂ ಕಡಿಮೆ.

*ಡ್ರಮ್ಮು, ತೊಟ್ಟಿ:* ಎರೆಜಲದ ಡ್ರಮ್ಮಿಗೆ ನಲ್ಲಿ ಹಾಕೋದು, ಗೋಬರ್ ತೊಟ್ಟಿಗೆ ಪೈಪು ಕೊಡೋದು ಪೂರ್ತಿ ಡ್ರಿಲ್ ಕೆಲಸ. ಮೆಟ್ಟಿಲು ಮೆಟ್ಟಿಲಾಗಿರೋ ಸ್ಟೆಪ್ ಬಿಟ್ ಒಂದಿದ್ದರೆ ಬೇರೆ ಬೇರೆ ಅಳತೆಯ ತೂತು ಒಂದರಲ್ಲೇ ಆಗುತ್ತೆ.

*ಸಸಿ ನೆಡೋ ಕುಳಿ:* ಹದವಾದ ಮಡಿಯಲ್ಲಿ ಸಣ್ಣ ಆಗರ್ ಹಾಕಿ ಕುಳಿ ತೆಗೆಯಬಹುದು. 18 ವೋಲ್ಟಿನ ಡ್ರಿಲ್, 1ನೇ ಗೇರು, ಪಕ್ಕದ ಹಿಡಿ ಕಡ್ಡಾಯ. ಬೇರು, ಕಲ್ಲು ಸಿಕ್ಕಾಗ ಕೈ ತಿರುಚೋದು ಇಲ್ಲೇ. ತೆಂಗು, ಮಾವಿನ ಗುಂಡಿ ಇದರ ಕೆಲಸವಲ್ಲ. ಜೀವಾಮೃತ ಕಲಕೋಕೂ ಇದು ಬೇಡ, ಅದಕ್ಕೆ ಕೋಲೇ ಸಾಕು.

ಎರಡರಿಂದಲೂ ಆಗದ ಕೆಲಸ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೇಲಿಗೆ, ದ್ರಾಕ್ಷಿ ಚಪ್ಪರಕ್ಕೆ ಕಲ್ಲು ಕಂಬ ಹಾಕ್ತಾರೆ. ಆ ಗ್ರಾನೈಟ್ ಕೊರೆಯೋಕೆ ಹ್ಯಾಮರ್ ಡ್ರಿಲ್ ಕೂಡ ಸೋಲುತ್ತೆ, ರೋಟರಿ ಹ್ಯಾಮರ್ ಬೇಕು. ಕಾಂಕ್ರೀಟಿಗೂ ಅಷ್ಟೇ. ಇಟ್ಟಿಗೆ ಗೋಡೆಗೆ ಹ್ಯಾಮರ್ ಡ್ರಿಲ್ ಸಾಕು. ಹಾಗೇ ರೋಟವೇಟರ್ ಬ್ಲೇಡಿನ ಬೋಲ್ಟು, ಟ್ರ್ಯಾಕ್ಟರ್ ಚಕ್ರದ ನಟ್ಟು ಬಿಚ್ಚೋಕೆ ಅರ್ಧ ಇಂಚಿನ ಚೌಕ ಮೂತಿ ಇರೋ ಇಂಪ್ಯಾಕ್ಟ್ ರೆಂಚ್ ಬೇರೆಯೇ ಇದೆ. ಇಂಪ್ಯಾಕ್ಟ್ ಡ್ರೈವರ್‌ಗೆ ಅಡಾಪ್ಟರ್ ಹಾಕಿ ಆ ನಟ್ಟಿನ ಮೇಲೆ ಕುಸ್ತಿ ಮಾಡಬೇಡಿ.

ಒಂದೇ ಕೊಳ್ಳೋದಾದರೆ?

ಒಂದು ಹಾಳೆ ತಗೊಳ್ಳಿ. ಕಳೆದ ವರ್ಷ ಹೊರಗಿನವರನ್ನು ಕರೆಸಿ ಮಾಡಿಸಿದ ಕೆಲಸ, ಆಗದೆ ಬಿಟ್ಟ ಕೆಲಸ ಎಲ್ಲಾ ಬರೆಯಿರಿ. ಒಂದು ಕಡೆ "ತೂತು", ಇನ್ನೊಂದು ಕಡೆ "ಬಿಗಿ" ಅಂತ ಗುರುತು ಹಾಕಿ.

ಸ್ವಲ್ಪ ಅಡಿಕೆ, ಸ್ವಲ್ಪ ತರಕಾರಿ, ಎರಡು ದನ, ಡ್ರಿಪ್ಪು ಅಂತ ಮಿಶ್ರ ತೋಟ ಇರೋರಿಗೆ "ತೂತು" ಕಡೆಯೇ ಹೆಚ್ಚು ಬರುತ್ತೆ. ಅಂಥವರು ಮೊದಲು ಡ್ರಿಲ್ ಕೊಳ್ಳಿ. ಹ್ಯಾಮರ್ ಇರೋ 18 ವೋಲ್ಟಿನದಾದರೆ ಮನೆ ಗೋಡೆಗೂ ಆಯ್ತು. ಕಾರಣ ಸರಳ: ಡ್ರಿಲ್ ಸ್ಕ್ರೂ ಕೂಡ ಬಿಗಿಯುತ್ತೆ, ನಿಧಾನ ಅಷ್ಟೇ. ಆದರೆ ಇಂಪ್ಯಾಕ್ಟ್ ಡ್ರೈವರ್‌ಗೆ ದುಂಡು ಕಾಲಿನ ಬಿಟ್ ನೇರ ಕೂರಲ್ಲ, ನಾಜೂಕು ಕೆಲಸ ಅದರಿಂದ ಆಗಲ್ಲ.

ಪಾಲಿಹೌಸ್ ಇದ್ದು ಪ್ರತಿವರ್ಷ ಪರದೆ, ಪಟ್ಟಿ ಬಿಚ್ಚಿ ಹಾಕೋರು, ಶೀಟಿನ ಶೆಡ್ಡು ಕಟ್ಟಿಕೊಳ್ಳೋ ಆಲೋಚನೆ ಇರೋರು ಇಂಪ್ಯಾಕ್ಟ್ ಡ್ರೈವರ್ ಮೊದಲು ತಗೊಂಡರೂ ತಪ್ಪಿಲ್ಲ. ಮಣಿಕಟ್ಟು ನೋವಿರೋರಿಗೆ, ಕೈಬಲ ಕಡಿಮೆ ಇರೋರಿಗೆ ಸ್ಕ್ರೂ ಕೆಲಸಕ್ಕೆ ಇದೇ ಹಿತ.

ನಿಜವಾಗಿ ಕೊಳ್ಳೋದು ಬ್ಯಾಟರಿ

ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಕೂರಲ್ಲ. ಬಾಷ್‌ನಲ್ಲೇ ನೀಲಿ ಮೆಷಿನ್ನಿನ 18 ವೋಲ್ಟ್ ಬ್ಯಾಟರಿ ಹಸಿರು ಮೆಷಿನ್ನಿಗೆ ಬರಲ್ಲ. ಹಾಗಾಗಿ ಮೊದಲ ಮೆಷಿನ್ ಕೊಳ್ಳೋವಾಗಲೇ ಮುಂದಿನದ್ದನ್ನೂ ತೀರ್ಮಾನ ಮಾಡಿದ ಹಾಗೆ. ಎರಡನೇ ಸಲ ಬ್ಯಾಟರಿ, ಚಾರ್ಜರ್ ಇಲ್ಲದ ಬರೀ ಮೆಷಿನ್ ತಗೊಂಡರೆ ಖರ್ಚು ಬಹಳ ಇಳಿಯುತ್ತೆ.

"20 ವೋಲ್ಟ್ ಮ್ಯಾಕ್ಸ್" ಅಂತ ಬರೆದಿದ್ದರೂ 18 ಅಂತ ಬರೆದಿದ್ದರೂ ಒಳಗಿರೋದು ಸಾಲಾಗಿ ಜೋಡಿಸಿದ 5 ಲಿಥಿಯಂ ಸೆಲ್ಲು. 48, 88 ಅಂತ ದೊಡ್ಡ ಅಂಕಿ ಬರೆದ ಅಗ್ಗದ ಮಾಲು ಕಂಡರೆ ಬ್ಯಾಟರಿ ಮೇಲಿನ ಸಣ್ಣ ಅಕ್ಷರ ಓದಿ, ಸೆಲ್ ಎಷ್ಟು ಅಂತ ಕೇಳಿ. ಶಕ್ತಿಯ ಲೆಕ್ಕ ಸುಲಭ: ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸಿ. 18 ವೋಲ್ಟ್, 2 ಆಂಪಿಯರ್ ಅವರ್ ಅಂದ್ರೆ 36 ವ್ಯಾಟ್ ಅವರ್. 4 ಆದರೆ 72. ತೋಟಕ್ಕೆ ಹೋದಲ್ಲಿ ಚಾರ್ಜ್ ಮಾಡೋಕೆ ಆಗಲ್ಲ, ಆದ್ದರಿಂದ ಎರಡು ಬ್ಯಾಟರಿ ಇರಲಿ.

ಲಿಥಿಯಂ ಬ್ಯಾಟರಿಗೆ ಬಿಸಿಲೇ ಶತ್ರು. ಶೀಟಿನ ಪಂಪ್‌ಹೌಸಿನಲ್ಲಿ, ಬೈಕಿನ ಡಬ್ಬದಲ್ಲಿ ಬಿಡಬೇಡಿ. ಕೆಲಸ ಮುಗಿದ ಕೂಡಲೇ ಬಿಸಿ ಇರೋವಾಗ ಚಾರ್ಜಿಗೆ ಹಾಕಬೇಡಿ, ಆರಲಿ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸಲ್ಲ ಅಂದ್ರೆ ಅರ್ಧ ಚಾರ್ಜ್ ಮಾಡಿ ಮನೆಯೊಳಗೆ ಒಣ ಜಾಗದಲ್ಲಿಡಿ. ಸರ್ವಿಸ್ ಸೆಂಟರ್ ಹತ್ತಿರದ ಪೇಟೆಯಲ್ಲಿದೆಯಾ ಅಂತ ಕೊಳ್ಳೋ ಮುಂಚೆಯೇ ಕೇಳಿ, ಬಿಲ್ಲು ಜೋಪಾನ ಮಾಡಿ.

ಕೈ, ಕಣ್ಣು, ಕಿವಿ

ಇಂಪ್ಯಾಕ್ಟ್ ಡ್ರೈವರ್‌ಗೆ ಇಂಪ್ಯಾಕ್ಟ್ ಅಂತ ಬರೆದ ಬಿಟ್ಟನ್ನೇ ಹಾಕಿ. ಸಾದಾ ಬಿಟ್ ಪೆಟ್ಟಿಗೆ ಮುರಿದು ಸಿಡಿಯಬಹುದು. ಕನ್ನಡಕ ಹಾಕಿ. ಡ್ರೈವರ್‌ನ ಸದ್ದು ಜೋರು, ಕಿವಿಗೆ ಪ್ಲಗ್ ಇರಲಿ, ಕೊಟ್ಟಿಗೆ ಕೆಲಸ ಇದ್ದರೆ ದನಗಳನ್ನು ಹೊರಗೆ ಕಟ್ಟಿ. ಹೆಗಲ ಟವಲ್ಲು, ಸೀರೆ ಸೆರಗು, ಸಡಿಲ ಕೈಗವಸು ತಿರುಗೋ ಚಕ್ಕಿಗೆ ಸಿಕ್ಕರೆ ಬಿಡಿಸೋಕೆ ಸಮಯ ಸಿಗಲ್ಲ. ಬಿಟ್ ಬದಲಿಸೋ ಮುಂಚೆ ಬ್ಯಾಟರಿ ತೆಗೆಯೋದು ರೂಢಿಯಾಗಲಿ.

ಕೊನೆಯದಾಗಿ ಒಂದು ಸಲಹೆ. ವರ್ಷಕ್ಕೆ ಹತ್ತು ಹದಿನೈದು ದಿನ ಬಳಸೋ ಸಾಮಾನಿಗೆ ಎಲ್ಲರೂ ಎರಡೆರಡು ಮೆಷಿನ್ ಕೊಳ್ಳೋ ಅಗತ್ಯವಿಲ್ಲ. ಪಕ್ಕದ ತೋಟದವರ ಜೊತೆ ಮಾತಾಡಿ, ಇಬ್ಬರೂ ಒಂದೇ ಕಂಪನಿಯ ಒಂದೇ ಬ್ಯಾಟರಿಯ ಸಾಲು ಆರಿಸಿಕೊಳ್ಳಿ. ಒಬ್ಬರು ಡ್ರಿಲ್, ಇನ್ನೊಬ್ಬರು ಇಂಪ್ಯಾಕ್ಟ್ ಡ್ರೈವರ್. ಶೆಡ್ಡು ಕಟ್ಟೋ ದಿನ ಎರಡು ಮೆಷಿನ್, ಎರಡು ಬ್ಯಾಟರಿ, ನಾಲ್ಕು ಕೈ ಒಟ್ಟಿಗಿರುತ್ತೆ. ಅಂಗಡಿಗೆ ಹೋಗೋ ಮುಂಚೆ ಆ ಎರಡು ಕಡೆಯ ಪಟ್ಟಿ ಮಾತ್ರ ತಪ್ಪದೆ ಬರೆದಿಟ್ಟುಕೊಳ್ಳಿ.